ನಿಲ್ಲು ಎಂದಾಗ ನಿಲ್ಲುವ ಬಗೆ



ಗಂಗಾವತಿಯ ಅಕ್ಕಿ ಗಿರಣಿಗಳನ್ನು ನೀವು ನೋಡಿರಬಹುದು. ಗಿರಣಿ ನಿಲ್ಲಿಸಬೇಕಾದಾಗ ಮೊದಲು ಭತ್ತ ಸುರಿಯುವುದನ್ನು ನಿಲ್ಲಿಸಬೇಕು; ಒಳಗಿದ್ದ ಕಾಳೆಲ್ಲ ಹೊರಬಿದ್ದ ಮೇಲೆ ಮೋಟಾರು. ನಡುವೆಯೇ ಕರೆಂಟು ಹೋದರೆ ಭತ್ತ ಒಳಗೇ ಸಿಕ್ಕಿಕೊಳ್ಳುತ್ತದೆ. ಗಣಕದಲ್ಲಿ ಓಡುವ ಪ್ರೋಗ್ರಾಮಿನ ಪಾಡೂ ಇದೇ. ಥಟ್ಟನೆ ನಿಲ್ಲಿಸಿದರೆ ಲೆಕ್ಕದ ಕಡತ ಅರ್ಧಕ್ಕೇ ಉಳಿದೀತು. ಹಾಗಾಗದಂತೆ ಹುಡುಕಿದ ಉಪಾಯಕ್ಕೆ ಐವತ್ತು ವರ್ಷ ಮೀರಿದ ಇತಿಹಾಸವಿದೆ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು 1969ರಲ್ಲಿ ಯುನಿಕ್ಸ್ ಕಟ್ಟತೊಡಗಿದರು. ಆಗ ಕಾಗದದ ಮೇಲೆ ಕುಟ್ಟುವ ಟೆಲಿಟೈಪ್ ಯಂತ್ರವಿತ್ತು. ಓಡುತ್ತಿರುವ ಪ್ರೋಗ್ರಾಮನ್ನು ತಡೆಯಲು ಡಿಲೀಟ್ ಕೀಲಿ ಒತ್ತುತ್ತಿದ್ದರು. ನಮಗೆ ಪರಿಚಿತವಾದ ಕಂಟ್ರೋಲ್-ಸಿ ಬೇರೆ ಯಂತ್ರಗಳ ರೂಢಿ. ಯುನಿಕ್ಸಿಗೆ ಆಮೇಲೆ ಬಂತು. ಈ ತಡೆಯನ್ನು ಪ್ರೋಗ್ರಾಮು ತಾನೇ ಹಿಡಿದುಕೊಳ್ಳುವ ಸೌಲಭ್ಯ 1971ರ ಮೊದಲ ಕೈಪಿಡಿಯಲ್ಲೇ ಇದೆ. 1973ರ ನಾಲ್ಕನೆಯ ಆವೃತ್ತಿಯಲ್ಲಿ ಇಂಥ ಸೂಚನೆಗಳೆಲ್ಲ 'ಸಿಗ್ನಲ್' ಎಂಬ ಒಂದೇ ಕರೆಯಡಿ ಸೇರಿದವು.

ಅವುಗಳಲ್ಲಿ 1ನೆಯದರ ಹೆಸರು 'ಹ್ಯಾಂಗಪ್', ಅಂದರೆ ಫೋನು ಇಡುವುದು. ದೂರದಿಂದ ದೂರವಾಣಿ ತಂತಿಯ ಮೂಲಕ ಕೆಲಸ ಮಾಡುವವರ ಸಂಪರ್ಕ ಕಡಿದರೆ ಈ ಸೂಚನೆ ಹೋಗುತ್ತಿತ್ತು. 'ಎಡ್' ಎಂಬ ಬರವಣಿಗೆಯ ಪ್ರೋಗ್ರಾಮು ಅದನ್ನು ಹಿಡಿದು, ಬರೆದಷ್ಟನ್ನು ಬೇರೊಂದು ಕಡತದಲ್ಲಿ ಉಳಿಸಿ ನಿಲ್ಲುತ್ತಿತ್ತು. ಎಷ್ಟು ಜನರ ದಿನವಿಡೀ ದುಡಿಮೆ ಇದರಿಂದ ಉಳಿದಿರಬೇಡ!

ಆದರೆ ಏರ್ಪಾಟಿನಲ್ಲಿ ಒಂದು ಬಿರುಕಿತ್ತು. 1979ರ ಏಳನೆಯ ಆವೃತ್ತಿಯಲ್ಲಿ ಪ್ರೋಗ್ರಾಮು ಒಂದು ಸಲ ಸೂಚನೆ ಹಿಡಿದೊಡನೆ ಆ ಕಾವಲು ತಾನಾಗಿಯೇ ರದ್ದಾಗುತ್ತಿತ್ತು. ಮತ್ತೆ ಕಾವಲು ಹಾಕುವಷ್ಟರಲ್ಲಿ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ, ಎರಡನೆಯ ಸೂಚನೆ ಬಂದರೆ ಪ್ರೋಗ್ರಾಮು ಅಲ್ಲೇ ಸಾಯುತ್ತಿತ್ತು. ತಾಳ್ಮೆಗೆಟ್ಟು ಕೀಲಿಯನ್ನು ಎರಡು ಸಲ ಕುಟ್ಟುವವರು ಯಾವ ಕಾಲದಲ್ಲಿಲ್ಲ? ಬರ್ಕ್‌ಲಿ ವಿಶ್ವವಿದ್ಯಾಲಯದವರು 1983ರ ತಮ್ಮ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು. 1988ರಲ್ಲಿ 'ಪಾಸಿಕ್ಸ್' ಎಂಬ ಮಾನಕ 'ಸಿಗ್‌ಆಕ್ಷನ್' ಎಂಬ ಭದ್ರವಾದ ಕರೆಯನ್ನು ಎಲ್ಲರಿಗೂ ಕೊಟ್ಟಿತು.

ನೀವು ಪ್ರೋಗ್ರಾಮು ಬರೆಯುವಾಗ ಸೂಚನೆ ಹಿಡಿಯುವ ಭಾಗದಲ್ಲೇ ಕಡತ ಮುಚ್ಚುವ, ಅಕ್ಷರ ಮುದ್ರಿಸುವ ಕೆಲಸ ಹಚ್ಚಬೇಡಿ. ಅರ್ಧ ನಡೆದ ಬೇರೊಂದು ಕೆಲಸದ ನಡುವೆಯೇ ಅದು ನುಗ್ಗಿಬಂದಿರುತ್ತದೆ. 'ನಿಲ್ಲಬೇಕಾಗಿದೆ' ಎಂಬ ಗುರುತೊಂದನ್ನು ಅಲ್ಲಿ ಎತ್ತಿಟ್ಟರೆ ಸಾಕು. ಮುಖ್ಯ ಸುತ್ತು ಪ್ರತಿ ಸಲವೂ ಆ ಗುರುತನ್ನು ನೋಡಿ, ಕೈಯಲ್ಲಿದ್ದ ಸಾಲು ಬರೆದು ಮುಗಿಸಿ, ಕಡತ ಮುಚ್ಚಿ ಹೊರಡಲಿ.

ಕಂಟ್ರೋಲ್-ಸಿ ಕಳುಹಿಸುವುದು 2ನೆಯ ಸೂಚನೆ. ಮರ್ಯಾದೆಯಿಂದ 'ಮುಗಿಸು' ಎನ್ನುವುದು 15ನೆಯದು. 9ನೆಯದನ್ನು ಯಾವ ಪ್ರೋಗ್ರಾಮೂ ಹಿಡಿಯಲಾರದು, ತಡೆಯಲಾರದು. ಹಟ ಹಿಡಿದು ಕೂತ ಪ್ರೋಗ್ರಾಮನ್ನು ಎಬ್ಬಿಸಲು ಒಂದು ದಾರಿ ಬೇಕಲ್ಲ! ಕೆಲವರು ಮೊದಲ ಏಟಿಗೇ ಅದನ್ನು ಪ್ರಯೋಗಿಸುತ್ತಾರೆ. ಅರ್ಧ ಬರೆದ ಕಡತಗಳು ಉಳಿಯುವುದು ಹೆಚ್ಚಾಗಿ ಅಂಥವರ ಗಣಕದಲ್ಲೇ. ಇಂದಿನ ಬಹುತೇಕ ಲಿನಕ್ಸ್ ಗಣಕಗಳನ್ನು ಆರಿಸುವಾಗ ಎಲ್ಲ ಕೆಲಸಗಳಿಗೂ ಮೊದಲು ಹೋಗುವುದು 15. ಸಾಮಾನ್ಯವಾಗಿ 90 ಸೆಕೆಂಡು ಕಾದು, ಆಗಲೂ ಮುಗಿಸದೆ ಉಳಿದವಕ್ಕೆ 9.