ಹೆಸರು ನಮ್ಮದು, ಟಪಾಲು ಪೆಟ್ಟಿಗೆ ಬಾಡಿಗೆದು: ಸ್ವಂತ ಡೊಮೇನ್ ಇಮೇಲ್ ಹುಟ್ಟಿದ ಕಥೆ

ಇವತ್ತಿನ ಎಪಿಸೋಡ್ ಒಂದು ಫೋನ್ ಕಾಲ್‌ನಿಂದ ಶುರುವಾಗುತ್ತೆ.

ದಾವಣಗೆರೆಯಲ್ಲಿ ನನ್ನ ಸೋದರಮಾವನದು ಪಂಪ್‌ಸೆಟ್ ಸ್ಪೇರ್‌ಪಾರ್ಟ್ಸ್ ಅಂಗಡಿ. ಎರಡು ವರ್ಷದ ಹಿಂದೆ ಒಂದು ದಿನ ಅವರಿಗೆ ಕೊಯಮತ್ತೂರಿನಿಂದ, ಮಾಲು ಕಳಿಸುವವರ ಫೋನ್ ಬಂತು. 'ಏನ್ ಸಾರ್, ಅಂಗಡಿ ಮುಚ್ಚಿಬಿಟ್ರಾ?' ಮಾವನಿಗೆ ಗಾಬರಿ. ಅಂಗಡಿ ಬಾಗಿಲು ತೆಗೆದು ಗಲ್ಲಾದ ಮುಂದೆ ಕೂತುಕೊಂಡೇ ಮಾತಾಡ್ತಿದ್ದಾರೆ! ಆಮೇಲೆ ಗೊತ್ತಾಯ್ತು, ಅಂಗಡಿಯ ಹೆಸರಿನ ಇಮೇಲ್‌ಗೆ ಯಾರೇ ಬರೆದರೂ 'ಇಂಥ ವಿಳಾಸವೇ ಇಲ್ಲ' ಅಂತ ವಾಪಸ್ ಬರ್ತಿತ್ತು. ಆಗಲೇ ಹತ್ತು ದಿನ ಆಗಿತ್ತು. ಆರ್ಡರ್, ಬಿಲ್, ಕ್ರೆಡಿಟ್ ನೋಟ್, ಯಾವುದೂ ತಲುಪಿರಲಿಲ್ಲ.

ಮನೆಯಲ್ಲಿ ಬಿ.ಕಾಂ ಓದಿದವನು, ಜೊತೆಗೆ ಪಾಡ್‌ಕಾಸ್ಟ್ ಮಾಡೋನು ಅಂದರೆ ಕಂಪ್ಯೂಟರ್ ಎಲ್ಲಾ ಗೊತ್ತಿರುತ್ತೆ ಅನ್ನೋದು ನಮ್ಮ ಕಡೆಯ ನಂಬಿಕೆ. ಹಾಗಾಗಿ ಕೇಸು ನನ್ನ ತಲೆಗೆ ಬಂತು. ಅದನ್ನ ಬಿಡಿಸೋಕೆ ಹೋದವನು 1986ರಲ್ಲಿ ಬರೆದ ಒಂದು ಕಾಗದದ ಹತ್ತಿರ ಹೋಗಿ ನಿಂತೆ. ಅದಕ್ಕೇ ಈ ಎಪಿಸೋಡ್.

ಮೊದಲು ಸ್ವಲ್ಪ ಹಿಂದಕ್ಕೆ. 1971ರಲ್ಲಿ ಅಮೆರಿಕದ ಕೇಂಬ್ರಿಜ್ ಊರಿನ ಬಿಬಿಎನ್ ಕಂಪನಿಯಲ್ಲಿ ರೇ ಟಾಮ್ಲಿನ್ಸನ್ ಅನ್ನೋ ಎಂಜಿನಿಯರ್ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದರು. ಎರಡೂ ಅಕ್ಕಪಕ್ಕವೇ ಇದ್ದವು, ಆದರೆ ಸಂದೇಶ ಹೋಗಿದ್ದು ಅರ್ಪಾನೆಟ್ ಮೂಲಕ. ವಿಳಾಸ ಬರೆಯೋಕೆ ಅವರು '@' ಚಿಹ್ನೆ ಆರಿಸಿಕೊಂಡರು. ಇದು ಎಲ್ಲರೂ ಹೇಳೋ ಕಥೆ. ಆದರೆ ಒಂದು ಸಣ್ಣ ವಿಷಯ ಗಮನಿಸಿ. ಆಗ '@' ಆದಮೇಲೆ ಇರ್ತಿದ್ದದ್ದು ಕಂಪನಿ ಹೆಸರಲ್ಲ, ಒಂದು ಮಷೀನಿನ ಹೆಸರು. 'ಇಂಥವರು, ಇಂಥ ಕಂಪ್ಯೂಟರಿನಲ್ಲಿ ಇದ್ದಾರೆ', ಅಷ್ಟೇ ಅರ್ಥ. ಮಷೀನು ಬದಲಾದರೆ ನಿಮ್ಮ ವಿಳಾಸವೂ ಬದಲು.

ಆ ಮಷೀನುಗಳ ಪಟ್ಟಿ ಎಲ್ಲಿತ್ತು? ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ, ಒಂದೇ ಒಂದು ಫೈಲಿನಲ್ಲಿ. ಎಲಿಜಬೆತ್ ಫೈನ್ಲರ್ ಅನ್ನೋ ಮಹಿಳೆಯ ತಂಡ ಅದನ್ನ ನೋಡಿಕೊಳ್ತಿತ್ತು. ಹೊಸ ಕಂಪ್ಯೂಟರ್ ಸೇರಿಸಬೇಕಾ, ಅವರಿಗೆ ತಿಳಿಸಬೇಕು, ಅವರು ಫೈಲಿಗೆ ಒಂದು ಸಾಲು ಸೇರಿಸ್ತಾರೆ, ಉಳಿದವರೆಲ್ಲ ಆ ಫೈಲು ಇಳಿಸಿಕೊಳ್ತಾರೆ. ಹಳ್ಳಿ ಶ್ಯಾನುಭೋಗರ ಲೆಕ್ಕದ ಪುಸ್ತಕದ ಥರ. ನೂರಾರು ಮಷೀನು ಇರೋವರೆಗೂ ನಡೀತು. ಸಂಖ್ಯೆ ಏರ್ತಾ ಹೋದಾಗ ಶ್ಯಾನುಭೋಗರಿಗೆ ಸುಸ್ತಾಯ್ತು.

1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ಅನ್ನೋ ವ್ಯವಸ್ಥೆ ರೂಪಿಸಿದರು. ಒಂದೇ ಪುಸ್ತಕದ ಬದಲು, ಆಯಾ ಹೆಸರಿನ ಲೆಕ್ಕ ಆಯಾ ಹೆಸರಿನವರೇ ಇಟ್ಟುಕೊಳ್ಳೋದು. ನಿಮ್ಮ ಫೋನಿನಲ್ಲಿ ಯಾವ ವೆಬ್‌ಸೈಟ್ ತೆರೆದರೂ ಇವತ್ತಿಗೂ ಒಳಗೆ ಕೆಲಸ ಮಾಡೋದು ಅದೇ. ಟಪಾಲಿಗೂ ಆ ಮೊದಲ ವಿನ್ಯಾಸದಲ್ಲಿ ಎರಡು ಬಗೆಯ ದಾಖಲೆ ಇದ್ದವು. ಒಂದು 'ಇಲ್ಲೇ ಮುಟ್ಟಿಸಿ' ಅನ್ನೋದು, ಇನ್ನೊಂದು 'ಇವರ ಕೈಗೆ ಕೊಡಿ, ಅವರು ಮುಂದಕ್ಕೆ ಮುಟ್ಟಿಸ್ತಾರೆ' ಅನ್ನೋದು. ಎರಡಿದ್ದಿದ್ದಕ್ಕೇ ಗೊಂದಲ.

ಇಲ್ಲಿಗೆ ಬರ್ತಾರೆ ಕ್ರೇಗ್ ಪಾರ್ಟ್ರಿಜ್. 1986ರ ಜನವರಿಯಲ್ಲಿ ಅವರು ಬರೆದ ಆರ್‌ಎಫ್‌ಸಿ 974 ಅನ್ನೋ ದಾಖಲೆ ಕೆಲವೇ ಪುಟದ್ದು. ಎರಡೂ ದಾಖಲೆ ತೆಗೆದುಹಾಕಿ ಒಂದೇ ಒಂದು ಇರಲಿ ಅನ್ನೋದು ಅದರ ಸಾರ. ಅದರ ಹೆಸರು ಮೇಲ್ ಎಕ್ಸ್‌ಚೇಂಜ್, ಚಿಕ್ಕದಾಗಿ ಎಂಎಕ್ಸ್. ಅದರಲ್ಲಿ ಇರೋದು ಎರಡೇ ಮಾಹಿತಿ: ಈ ಹೆಸರಿಗೆ ಬರೋ ಟಪಾಲು ತಗೊಳ್ಳೋ ಮಷೀನು ಯಾವುದು, ಮತ್ತೆ ಅದರ ಮುಂದೆ ಒಂದು ಅಂಕಿ. ಅಂಕಿ ಚಿಕ್ಕದಿದ್ದಷ್ಟೂ ಮೊದಲ ಆದ್ಯತೆ. ಮೊದಲನೆಯವರು ಸಿಗಲಿಲ್ಲ ಅಂದರೆ ಮುಂದಿನವರ ಬಾಗಿಲು ತಟ್ಟಬೇಕು.

ನಮ್ಮ ಅಜ್ಜಿ ಊರಿಗೆ ಕಾಗದ ಬರ್ತಿದ್ದದ್ದು ನೆನಪಾಗುತ್ತೆ. ಹೆಸರು ಅಜ್ಜನದೇ, ಅದರ ಕೆಳಗೆ 'ಕೇರ್ ಆಫ್' ಅಂತ ಬಸ್ ಸ್ಟ್ಯಾಂಡ್ ಹತ್ತಿರದ ಕಿರಾಣಿ ಅಂಗಡಿ. ಅಂಗಡಿಯವರು ತೆಗೆದಿಟ್ಟುಕೊಂಡು, ಹಾಲು ಹಾಕೋಕೆ ಬಂದವರ ಕೈಲಿ ಕಳಿಸ್ತಿದ್ರು. ಕಿರಾಣಿ ಅಂಗಡಿ ಬದಲಾಯ್ತು ಅಂತ ಅಜ್ಜನ ಹೆಸರು ಬದಲಾಗಲ್ಲ, ಅಲ್ವಾ? ಎಂಎಕ್ಸ್ ಅಂದರೆ ಇಂಟರ್ನೆಟ್ಟಿನ 'ಕೇರ್ ಆಫ್'.

ಇದು ಯಾರಿಗೆ ಬೇಕಾಗಿತ್ತು ಅನ್ನೋದೇ ನನಗೆ ಇಷ್ಟವಾದ ಭಾಗ. ದೊಡ್ಡ ಕಂಪನಿಗಳಿಗಲ್ಲ. ಆಗ ಇಂಟರ್ನೆಟ್‌ಗೆ ನೇರ ಸಂಪರ್ಕ ಇಲ್ಲದ ಕಾಲೇಜುಗಳು, ಚಿಕ್ಕ ಲ್ಯಾಬುಗಳು ಬಹಳ ಇದ್ದವು. ಅವರ ಕಂಪ್ಯೂಟರ್ ಆಗಾಗ ಟೆಲಿಫೋನ್ ಲೈನಿನಲ್ಲಿ ಇನ್ನೊಂದು ಕಂಪ್ಯೂಟರಿಗೆ ಡಯಲ್ ಮಾಡಿ, ಒಂದು ಕಂತೆ ಮೇಲ್ ಕೊಟ್ಟು, ಒಂದು ಕಂತೆ ತಗೊಂಡು ಲೈನ್ ಕಟ್ ಮಾಡ್ತಿತ್ತು. ಅಂಥವರಿಗೂ ಸ್ವಂತ ಹೆಸರಿನ ವಿಳಾಸ ಸಿಗಲಿ, ಟಪಾಲನ್ನು ಮಾತ್ರ ಸಂಪರ್ಕ ಇರೋರು ತೆಗೆದಿಟ್ಟುಕೊಳ್ಳಲಿ ಅನ್ನೋ ದಾರಿ ಇದು. ನಮ್ಮ ದೇಶ ಆಗ ಇದ್ದಿದ್ದೂ ಆ ಸಾಲಿನಲ್ಲೇ. ಅದೇ 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಐಐಎಸ್‌ಸಿ, ಬಾಂಬೆಯ ಎನ್‌ಸಿಎಸ್‌ಟಿ, ಐದು ಐಐಟಿಗಳು ಸೇರಿದ್ದವು. ಅಲ್ಲೂ ಮೊದಮೊದಲು ಮೇಲ್ ಓಡಾಡಿದ್ದು ಟೆಲಿಫೋನ್ ಡಯಲ್ ಮಾಡಿಯೇ. ಇಲ್ಲದವರಿಗೆ ಅಂತ ಮಾಡಿದ ಈ ಏರ್ಪಾಡು ಇವತ್ತು ಕೋಟ್ಯಂತರ ಡಾಲರ್ ವ್ಯಾಪಾರದ ತಳಪಾಯ. ಮೂರನೆಯವರ ಸರ್ವರ್‌ನಲ್ಲಿ ನಿಮ್ಮ ಹೆಸರಿನ ಇಮೇಲ್ ಅಂತ ಯಾರೇ ಮಾರಿದರೂ, ಅವರು ಮಾರೋದು ಆ 'ಕೇರ್ ಆಫ್' ಸೇವೆಯನ್ನೇ.

ತೊಂಬತ್ತರ ದಶಕ ಬೇಗ ಮುಗಿಸ್ತೀನಿ. ದೊಡ್ಡ ಕಂಪನಿಗಳು ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡವು. ನಮ್ಮಂಥವರಿಗೆ 1996ರ ಜುಲೈ 4ರಂದು ಹಾಟ್‌ಮೇಲ್ ಬಂತು. ಅದನ್ನ ಕಟ್ಟಿದ ಇಬ್ಬರಲ್ಲಿ ಒಬ್ಬರು ಸಬೀರ್ ಭಾಟಿಯಾ, ಬೆಂಗಳೂರಿನಲ್ಲಿ ಬೆಳೆದವರು. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನ ಕೊಂಡುಕೊಂಡಿತು. ಎಲ್ಲರಿಗೂ ಫ್ರೀ ಇಮೇಲ್ ಸಿಕ್ಕಿತು. ಆದರೆ '@' ಆದಮೇಲಿನ ಹೆಸರು ಅವರದ್ದು. ನಿಮಗೆ ಆ ಕಂಪನಿ ಬೇಡ ಅನ್ನಿಸಿದ ದಿನ ನಿಮ್ಮ ವಿಳಾಸವನ್ನೂ ಅಲ್ಲೇ ಬಿಟ್ಟು ಬರಬೇಕು. 1971ರ ಮಷೀನಿಗೇ ವಾಪಸ್ ಹೋದ ಹಾಗೆ, ಮಷೀನು ದೊಡ್ಡದು ಅಷ್ಟೇ.

ಬದಲಾವಣೆ ಬಂದಿದ್ದು 2006ರಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಗೂಗಲ್, ನಿಮ್ಮದೇ ಡೊಮೇನ್‌ಗೆ ಜಿಮೇಲ್ ಅನ್ನೋದನ್ನ ಪ್ರಯೋಗಕ್ಕೆ ಬಿಟ್ಟಿತು. ಆಗಸ್ಟ್‌ನಲ್ಲಿ ಅದು ಗೂಗಲ್ ಆ್ಯಪ್ಸ್ ಆಯ್ತು. ಡಿಎನ್‌ಎಸ್‌ನಲ್ಲಿ ನಾಲ್ಕೈದು ಎಂಎಕ್ಸ್ ಸಾಲು ಬದಲಾಯಿಸಿದರೆ ಸಾಕು, ನಿಮ್ಮ ಅಂಗಡಿ ಹೆಸರು, ಗೂಗಲ್ ಸರ್ವರ್. ಅದೂ ಫ್ರೀ! ಮರುವರ್ಷ, ವರ್ಷಕ್ಕೆ ತಲೆಗೆ 50 ಡಾಲರಿನ ಪ್ಲಾನು ಬಂತು. 2012ರ ಡಿಸೆಂಬರ್‌ನಲ್ಲಿ ಹೊಸಬರಿಗೆ ಫ್ರೀ ನಿಲ್ಲಿಸಿದರು. 2022ರ ಜನವರಿಯಲ್ಲಿ ಹಳಬರಿಗೂ ನೋಟಿಸ್ ಬಂತು: ದುಡ್ಡಿನ ಪ್ಲಾನಿಗೆ ಬನ್ನಿ. ಜಗತ್ತಿನ ತುಂಬ ಗಲಾಟೆ ಆಯ್ತು. ಕೊನೆಗೆ ಸ್ವಂತ ಬಳಕೆಗೆ ಇಟ್ಟುಕೊಂಡವರಿಗೆ ಫ್ರೀ ಮುಂದುವರಿಸೋಕೆ ಗೂಗಲ್ ಒಪ್ಪಿತು, ವ್ಯಾಪಾರದವರಿಗೆ ಇಲ್ಲ.

ಆಗ ಬೈದವರು ಬಹಳ ಜನ. ನಾನು ಕಾಮರ್ಸ್ ಓದಿದವನು, 16 ವರ್ಷ ಬಾಡಿಗೆ ಇಲ್ಲದೆ ಮಳಿಗೆ ಕೊಟ್ಟವನು ಒಂದು ದಿನ ಬಾಡಿಗೆ ಕೇಳ್ತಾನೆ ಅನ್ನೋದು ನನಗೆ ಆಶ್ಚರ್ಯ ಅನ್ನಿಸಲ್ಲ. ಮುಖ್ಯ ವಿಷಯ ಬೇರೆ. ಹೆಸರು ತಮ್ಮದಾಗಿದ್ದವರು ದುಡ್ಡು ಕೊಡೋಕೆ ಇಷ್ಟವಿಲ್ಲದಿದ್ದರೆ ಎಂಎಕ್ಸ್ ಸಾಲು ಬದಲಾಯಿಸಿ ಜ಼ೋಹೊಗೋ ಇನ್ನೆಲ್ಲಿಗೋ ಹೋಗಬಹುದಿತ್ತು. ಹಳೇ ಮೇಲ್‌ಗಳನ್ನ ಸಾಗಿಸೋ ಕೆಲಸ ಇತ್ತು ನಿಜ, ಆದರೆ ವಿಳಾಸ ಅದೇ ಉಳಿತು. 2025ರಲ್ಲಿ ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇಮೇಲ್ ಜ಼ೋಹೊಗೆ ಹೋಯ್ತು ಅಂತ ಪತ್ರಿಕೆಗಳಲ್ಲಿ ಓದಿರಬಹುದು. ಅಧಿಕಾರಿಗಳ ವಿಳಾಸದಲ್ಲಿ ಸರ್ಕಾರದ ಹೆಸರು ಹಾಗೇ ಇದೆ.

ಸರಿ, ಈಗ ಮಾವನ ಅಂಗಡಿಗೆ ವಾಪಸ್.

ನೋಡಿದರೆ ಮೇಲ್ ಸರ್ವರ್ ಚೆನ್ನಾಗೇ ಇತ್ತು, ಅದರ ಬಾಡಿಗೆ ಮೂರು ವರ್ಷದ್ದು ಒಟ್ಟಿಗೆ ಕಟ್ಟಿತ್ತು. ಮುಗಿದು ಹೋಗಿದ್ದು ಹೆಸರು. ಡೊಮೇನ್ ಬೇರೆ ಬಿಲ್, ಮೇಲ್ ಬೇರೆ ಬಿಲ್ ಅನ್ನೋದೇ ಮಾವನಿಗೆ ಗೊತ್ತಿರಲಿಲ್ಲ. ವರ್ಷಕ್ಕೆ ಸಾವಿರ ರೂಪಾಯಿಯೂ ಇಲ್ಲದ ಖರ್ಚು. ರಿನ್ಯೂ ಮಾಡೋಣ ಅಂದರೆ ಲಾಗಿನ್ ಇಲ್ಲ. ಹತ್ತು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಅದನ್ನ ತನ್ನ ಹೆಸರಲ್ಲೇ, ತನ್ನ ಇಮೇಲ್‌ನಲ್ಲೇ ರಿಜಿಸ್ಟರ್ ಮಾಡಿದ್ದ. ಮೋಸ ಮಾಡೋ ಉದ್ದೇಶ ಅವನಿಗೆ ಇರಲಿಲ್ಲ ಬಿಡಿ, ಆಗ ಮಾವನಿಗೆ ಇಮೇಲೇ ಇರಲಿಲ್ಲ! ಹುಡುಗ ಈಗ ಕೆನಡಾದಲ್ಲಿ. ಅವನ ಅಣ್ಣನನ್ನ ಹುಡುಕಿ, ಅವರಿಂದ ವಾಟ್ಸ್ಆ್ಯಪ್ ನಂಬರ್ ತಗೊಂಡು, ರಾತ್ರಿ 11 ಗಂಟೆಗೆ ಅವನು ಓಟಿಪಿ ಹೇಳಿದಾಗ ಮಾವ ಪಂಚೆ ತುದಿಯಲ್ಲಿ ಕಣ್ಣು ಒರೆಸಿಕೊಂಡರು. ನಾನು ನೋಡದ ಹಾಗೆ ಇದ್ದೆ.

ಯಾಕೆ ಅಷ್ಟು ಆತಂಕ ಅಂದರೆ, ಇನ್ನಷ್ಟು ವಾರ ಬಿಟ್ಟಿದ್ದರೆ ಆ ಹೆಸರನ್ನ ಯಾರು ಬೇಕಾದರೂ ಕೊಂಡುಕೊಳ್ಳಬಹುದಿತ್ತು. ಕೊಂಡವನು ತನ್ನ ಎಂಎಕ್ಸ್ ಹಾಕಿದರೆ ಮಾವನಿಗೆ ಬರೋ ಬಿಲ್ಲು, ಪಾಸ್‌ವರ್ಡ್ ಬದಲಾಯಿಸೋ ಲಿಂಕು, ಎಲ್ಲ ಅವನ ಪೆಟ್ಟಿಗೆಗೆ. ಅಲ್ಲಿಂದ ಕೊಯಮತ್ತೂರಿಗೆ 'ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ' ಅಂತ ಒಂದು ಮೇಲ್ ಹಾಕಿದರೆ ಕೇಳೋರು ಯಾರು? ಮೂವತ್ತು ವರ್ಷದ ವ್ಯವಹಾರದ ನಂಬಿಕೆ ಅದು.

ಡೊಮೇನ್ ಕೈಗೆ ಬಂದಮೇಲೆ ಮೇಲನ್ನೂ ಹೊಸ ಕಂಪನಿಗೆ ಬದಲಾಯಿಸಿದೆವು, ಹಳೇದೂ ಆ ಹುಡುಗನ ಹೆಸರಲ್ಲೇ ಇತ್ತಲ್ಲ. ಕೆಲಸ ಕಷ್ಟದ್ದಲ್ಲ. ಹೆಸರು ನಿಮ್ಮದೇ ಅಂತ ತೋರಿಸೋಕೆ ಅವರು ಕೊಡೋ ಒಂದು ಟೆಕ್ಸ್ಟ್ ಸಾಲನ್ನ ಡಿಎನ್‌ಎಸ್‌ಗೆ ಹಾಕಬೇಕು, ಮಾವ ಮತ್ತು ಅಂಗಡಿ ಹುಡುಗರಿಗೆ ಖಾತೆ ತೆರೆಯಬೇಕು, ಆಮೇಲೆ ಎಂಎಕ್ಸ್ ಬದಲಾಯಿಸಬೇಕು. ಈ ಕ್ರಮ ಮುಖ್ಯ. ಖಾತೆ ತೆರೆಯೋ ಮುಂಚೆ ಎಂಎಕ್ಸ್ ತಿರುಗಿಸಿದರೆ ಬಂದ ಮೇಲ್ ಬಾಗಿಲಿನಿಂದಲೇ ವಾಪಸ್.

ನಾನು ಮಾಡಿದ ತಪ್ಪು ಇನ್ನೊಂದು. ಹೊಸ ಎಂಎಕ್ಸ್ ಸಾಲು ಸೇರಿಸಿದೆ, ಹಳೇದನ್ನ ತೆಗೆಯಲಿಲ್ಲ. ಎರಡಕ್ಕೂ ಅಂಕಿ 10 ಇತ್ತು. ಮಾರನೇ ದಿನ ಅರ್ಧ ಮೇಲ್ ಹೊಸ ಪೆಟ್ಟಿಗೆಗೆ, ಅರ್ಧ ಹಳೇದಕ್ಕೆ! ನನಗೆ ಇದೇನು ಭೂತಚೇಷ್ಟೆ ಅನ್ನಿಸ್ತು. ಆದರೆ ಪಾರ್ಟ್ರಿಜ್ ಬರೆದ ನಿಯಮವೇ ಹಾಗೆ. ಅಂಕಿ ಸಮ ಇದ್ದರೆ ಇಬ್ಬರೂ ಸಮ, ಕಳಿಸೋರು ಯಾರ ಬಾಗಿಲು ಬೇಕಾದರೂ ತಟ್ಟಬಹುದು. ಆ ಆರ್‌ಎಫ್‌ಸಿ ಹುಡುಕಿ ಓದಿದ್ದು ಅವತ್ತೇ. ಹಳೇ ಸಾಲು ಅಳಿಸಿದ ಮೇಲೂ ಸ್ವಲ್ಪ ಹೊತ್ತು ಕಾಯಬೇಕಾಯ್ತು, ಯಾಕಂದರೆ ಬೇರೆ ಸರ್ವರ್‌ಗಳು ಹಳೇ ಉತ್ತರವನ್ನ ಒಂದಷ್ಟು ಗಂಟೆ ನೆನಪಿಟ್ಟುಕೊಂಡಿರುತ್ತವೆ.

ಇಷ್ಟಾದಮೇಲೂ ಮಾವ ಕಳಿಸಿದ ಮೇಲ್ ಹಲವರಿಗೆ ಸ್ಪ್ಯಾಮ್‌ನಲ್ಲಿ ಹೋಗಿ ಬೀಳ್ತಿತ್ತು. ಎಂಎಕ್ಸ್ ಹೇಳೋದು ಟಪಾಲು ಎಲ್ಲಿಗೆ ಬರಬೇಕು ಅನ್ನೋದನ್ನ ಮಾತ್ರ. ಯಾರು ಕಳಿಸಿದ್ದು ಅನ್ನೋದನ್ನ 1982ರ ಎಸ್‌ಎಂಟಿಪಿ ನಿಯಮ ಪರೀಕ್ಷೆ ಮಾಡ್ತಿರಲಿಲ್ಲ. ಲಕೋಟೆಯ ಹಿಂದೆ 'ಇಂದ' ಅಂತ ಯಾರ ಹೆಸರು ಬೇಕಾದರೂ ಬರೆಯಬಹುದಲ್ಲ, ಹಾಗೆ. ಸ್ಪ್ಯಾಮ್ ಹಾವಳಿ ಹೆಚ್ಚಾದಮೇಲೆ ಒಂದೊಂದೇ ಬೀಗ ಬಂತು. ಎಸ್‌ಪಿಎಫ್ ಅಂದರೆ ನಮ್ಮ ಪರವಾಗಿ ಮೇಲ್ ಕಳಿಸೋ ಸರ್ವರ್‌ಗಳು ಯಾವುವು ಅನ್ನೋ ಪಟ್ಟಿ, ಅದರ ಆರ್‌ಎಫ್‌ಸಿ 2006ರದ್ದು. ಡಿಕಿಮ್ 2007ರದ್ದು, ಅದು ಪ್ರತಿ ಮೇಲ್‌ಗೂ ಒತ್ತೋ ಅರಗಿನ ಮುದ್ರೆ. ಎರಡೂ ಹೊಂದದಿದ್ದರೆ ಏನು ಮಾಡಬೇಕು ಅಂತ ಹೇಳೋ ಡಿಮಾರ್ಕ್ ಬಂದಿದ್ದು 2012ರಲ್ಲಿ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ, ದಿನಕ್ಕೆ ಸಾವಿರಾರು ಮೇಲ್ ಕಳಿಸೋರಿಗೆ ಈ ಮೂರನ್ನೂ ಕಡ್ಡಾಯ ಮಾಡಿವೆ. ಮಾವ ಕಳಿಸೋದು ದಿನಕ್ಕೆ ಇಪ್ಪತ್ತು ಇರಬಹುದು. ಆದರೂ ಮೂರೂ ಸಾಲು ಹಾಕಿದೆ. ಸ್ಪ್ಯಾಮ್‌ಗೆ ಬೀಳೋದು ನಿಂತಿತು.

ಕೊಯಮತ್ತೂರಿನವರು ಆ ವಾರವೇ ಬಾಕಿ ಬಿಲ್ಲುಗಳನ್ನೆಲ್ಲ ಮತ್ತೆ ಕಳಿಸಿದರು. ಡೊಮೇನ್ ಈಗ ಮಾವನ ಹೆಸರಲ್ಲೇ ಇದೆ, ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿದ್ದೀವಿ. ಅದಕ್ಕೆ ಕೊಟ್ಟಿರೋ ಸಂಪರ್ಕದ ಇಮೇಲ್ ಅದೇ ಡೊಮೇನಿನದ್ದಲ್ಲ, ಬೇರೆಯದು. ಇಲ್ಲದಿದ್ದರೆ ಹೆಸರು ಮುಗಿದ ದಿನ ಲಾಗಿನ್ ಓಟಿಪಿಯೂ ಅದರ ಜೊತೆಗೇ ಹೋಗುತ್ತೆ. ರಿನ್ಯೂ ಮಾಡೋ ತಾರೀಖನ್ನ ಮಾವ ಗಲ್ಲಾದ ಹಿಂದಿನ ಗೋಡೆ ಮೇಲೆ, ಎಲ್‌ಐಸಿ ಪ್ರೀಮಿಯಂ ತಾರೀಖಿನ ಕೆಳಗೆ, ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದಾರೆ. ಹೋದ ತಿಂಗಳು ಹೋದಾಗ ನೋಡಿದೆ, ಪಕ್ಕದ ಬಟ್ಟೆ ಅಂಗಡಿಯವರ ಡೊಮೇನ್ ತಾರೀಖೂ ಅದೇ ಗೋಡೆ ಮೇಲಿದೆ.

ಇವತ್ತಿಗೆ ಇಷ್ಟೇ. ಸಿಗೋಣ.