ಗಣಿಯೋ, ಗುಂಡಿಯೋ?

ಜರ್ಮನ್ ಭಾಷೆಯಲ್ಲಿ ‘ಗ್ರೂಬೆ’ ಎಂಬ ಪದವಿದೆ. ಕಲ್ಲಿದ್ದಲೋ ಅದಿರೋ ತೆಗೆಯುವ ಗಣಿಗೂ ಅದೇ ಪದ, ಅಗೆದುಬಿಟ್ಟ ಬರೀ ಗುಂಡಿಗೂ ಅದೇ. ಅಗೆಯುವುದಕ್ಕೆ ‘ಗ್ರಾಬೆನ್’, ಸಮಾಧಿಗೆ ‘ಗ್ರಾಬ್’; ಮೂರೂ ಒಂದೇ ಬೇರಿನಿಂದ ಬಂದವು. ಕನ್ನಡದಲ್ಲಿ ಈ ಅನುಕೂಲವಿಲ್ಲ. ಗಣಿ ಎಂದರೆ ನಮಗೆ ಸಂಪತ್ತು. ವಿದ್ವಾಂಸರನ್ನು ಜ್ಞಾನದ ಗಣಿ ಎನ್ನುತ್ತೇವೆ. ಗುಂಡಿ ಎಂದರೆ ಬೀಳದಂತೆ ನೋಡಿಕೊಳ್ಳಬೇಕಾದದ್ದು, ಆದಷ್ಟು ಬೇಗ ಮುಚ್ಚಬೇಕಾದದ್ದು. ಅನುವಾದಕರು ಎರಡರಲ್ಲಿ ಒಂದನ್ನು ಆರಿಸಲೇಬೇಕು.

‘ಗ್ರೂಬೆ ಮೆಸೆಲ್’ ಎಂಬ ಹೆಸರನ್ನು ಕನ್ನಡಕ್ಕೆ ತರಲು ಹೊರಟಾಗ ನಾನು ಸಿಕ್ಕಿಬಿದ್ದದ್ದು ಇಲ್ಲೇ. ಆ ಜಾಗದ ಚರಿತ್ರೆ ಓದುತ್ತ ಹೋದಂತೆ ಒಂದು ವಿಷಯ ಗೊತ್ತಾಯಿತು. ಈ ತೊಡಕು ನನ್ನೊಬ್ಬಳದಲ್ಲ. ಎರಡು ದಶಕಗಳ ಕಾಲ ಆ ಊರಿನವರು, ಸರ್ಕಾರ, ವಿಜ್ಞಾನಿಗಳು, ನ್ಯಾಯಾಲಯ ಎಲ್ಲರೂ ಜಗಳವಾಡಿದ್ದು ಇದೇ ಪ್ರಶ್ನೆಯ ಮೇಲೆ: ಇದು ಗಣಿಯೋ, ಗುಂಡಿಯೋ?

ಮೆಸೆಲ್‌ಗೆ ಹೋಗುವ ಮೊದಲು ರೈನ್ ನದಿಯ ದಡಕ್ಕೊಮ್ಮೆ ಹೋಗಿಬರೋಣ. ಜರ್ಮನಿಯಲ್ಲಿ ಕಲ್ಲನ್ನು ಕಾಪಾಡುವ ಕಥೆ ಶುರುವಾಗುವುದು ಅಲ್ಲಿಂದ. ಬಾನ್ ನಗರದ ಹತ್ತಿರ, ನದಿಯ ಆಚೆ ದಡದಲ್ಲಿ, ಡ್ರಾಖೆನ್‌ಫೆಲ್ಸ್ ಎಂಬ 321 ಮೀಟರ್ ಎತ್ತರದ ಬೆಟ್ಟವಿದೆ. ಹೆಸರಿನ ಅರ್ಥ ‘ಡ್ರ್ಯಾಗನ್ ಬಂಡೆ’. ಹಳೆಯ ಜ್ವಾಲಾಮುಖಿಗಳ ಕೆಲಸದಿಂದ ಹುಟ್ಟಿದ ಟ್ರಾಕೈಟ್ ಎಂಬ ಕಲ್ಲು ಇಲ್ಲಿದೆ. ಇದನ್ನು ರೋಮನ್ನರೂ ಕಡಿದರು. 1248ರಲ್ಲಿ ಕೆಲಸ ಶುರುವಾದ ಕಲೋನಿನ ಮಹಾ ಚರ್ಚಿಗೂ ಇಲ್ಲಿಂದಲೇ ಕಲ್ಲು ಹೋಯಿತು. ಕಡಿದು ಕಡಿದು, ಬೆಟ್ಟದ ತುದಿಯಲ್ಲಿದ್ದ ಮಧ್ಯಯುಗದ ಕೋಟೆಯ ಬುಡದ ತನಕ ಕ್ವಾರಿ ಬಂತು. 1828ರಲ್ಲಿ ಪಾಳುಕೋಟೆಯ ಒಂದು ಭಾಗ ಕುಸಿದುಬಿತ್ತು.

ಅಷ್ಟರಲ್ಲಿ ಕಾಲ ಬದಲಾಗಿತ್ತು. ರೈನ್ ದಡದ ಪಾಳುಕೋಟೆಗಳನ್ನು ನೋಡಲು ಕವಿಗಳೂ ಚಿತ್ರಕಾರರೂ ಪ್ರವಾಸಿಗರೂ ಬರತೊಡಗಿದ್ದರು. ಜನ ಕೂಗೆಬ್ಬಿಸಿದರು. ಪ್ರಷ್ಯಾ ಸರ್ಕಾರ ಮೊದಲು ಕಲ್ಲು ಕಡಿಯುವುದನ್ನು ನಿಲ್ಲಿಸಿತು, 1836ರಲ್ಲಿ ಬೆಟ್ಟದ ತುದಿಯನ್ನೇ 10,000 ಥಾಲರ್ ಕೊಟ್ಟು ಕೊಂಡಿತು. ಡ್ರಾಖೆನ್‌ಫೆಲ್ಸ್ ಅನ್ನು ಜರ್ಮನಿಯ ಮೊದಲ ಸಂರಕ್ಷಿತ ನಿಸರ್ಗತಾಣ ಎಂದು ಕರೆಯುವುದು ಈ ಕಾರಣಕ್ಕೆ. ಆದರೆ ಒಂದನ್ನು ಗಮನಿಸಿ: ಆಗ ಯಾರೂ ಭೂವಿಜ್ಞಾನದ ಹೆಸರು ಎತ್ತಿರಲಿಲ್ಲ. ಉಳಿಸಬೇಕೆಂದದ್ದು ಕೋಟೆಯನ್ನು, ನೋಟವನ್ನು. ಬಂಡೆ ಉಳಿದದ್ದು ಕೋಟೆಯ ಪುಣ್ಯದಿಂದ.

ಬಂಡೆಗೇ, ಮರಕ್ಕೇ ಸ್ವಂತ ಹಕ್ಕು ಸಿಗಲು ಇನ್ನೊಂದು ಪದ ಬೇಕಾಯಿತು. ಅದು ‘ನಾಟೂರ್‌ಡೆಂಕ್‌ಮಾಲ್’: ನಿಸರ್ಗ ಸ್ಮಾರಕ. ವೆನಿಜುವೆಲಾದಲ್ಲಿ ಒಂದು ದೈತ್ಯ ಮರವನ್ನು ಕಂಡು ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಇಂಥ ಪದ ಬಳಸಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದನ್ನು ಸರ್ಕಾರಿ ಕಡತಕ್ಕೆ ತಂದವರು ಸಸ್ಯವಿಜ್ಞಾನಿ ಹ್ಯೂಗೊ ಕೊನ್ವೆಂಟ್ಸ್. ಡಾಂಜಿಗ್‌ನ, ಅಂದರೆ ಈಗಿನ ಪೋಲೆಂಡಿನ ಗ್ಡಾನ್ಸ್ಕ್‌ನ, ಮ್ಯೂಸಿಯಂ ನಿರ್ದೇಶಕರಾಗಿದ್ದ ಇವರು 1904ರಲ್ಲಿ ನಿಸರ್ಗ ಸ್ಮಾರಕಗಳು ಎದುರಿಸುತ್ತಿರುವ ಅಪಾಯದ ಬಗ್ಗೆ ವರದಿಯೊಂದನ್ನು ಬರೆದರು. 1906ರಲ್ಲಿ ಪ್ರಷ್ಯಾ ಇದಕ್ಕೆಂದೇ ಒಂದು ಸರ್ಕಾರಿ ಕಚೇರಿ ತೆರೆದು ಅವರನ್ನೇ ಮುಖ್ಯಸ್ಥರನ್ನಾಗಿ ಮಾಡಿತು. ಒಂಟಿ ಬಂಡೆ, ಹಳೆಯ ಓಕ್ ಮರ, ಸಣ್ಣದೊಂದು ಜೌಗು: ಊರೂರಿಂದ ಪಟ್ಟಿ ತರಿಸಿ ನಕ್ಷೆಯಲ್ಲಿ ಗುರುತು ಹಾಕಿಸುವುದು ಅವರ ಕ್ರಮ. ಇಡೀ ಭೂದೃಶ್ಯವನ್ನು ಬಿಟ್ಟು ಚಿಲ್ಲರೆ ತುಣುಕುಗಳನ್ನು ಕಾಯುತ್ತಿದ್ದಾರೆ ಎಂದು ಆಗಲೇ ಟೀಕೆ ಬಂತು. ಟೀಕೆಯಲ್ಲಿ ಹುರುಳಿತ್ತು. ಆದರೆ ಪಟ್ಟಿಗೆ ಸೇರಿದ ತುಣುಕಾದರೂ ಉಳಿಯಿತು.

‘ಡೆಂಕ್‌ಮಾಲ್’ ಪದವನ್ನು ಬಿಡಿಸಿದರೆ ‘ಡೆಂಕ್’ ಎಂದರೆ ಯೋಚನೆ, ‘ಮಾಲ್’ ಎಂದರೆ ಗುರುತು. ಅದನ್ನೇ ಎರಡು ಪದವಾಗಿ ಹೇಳಿದರೆ, ಮಾತಿನಲ್ಲಿ, ‘ಸ್ವಲ್ಪ ಯೋಚನೆ ಮಾಡು’ ಎಂದಾಗುತ್ತದೆ. ನಮ್ಮಲ್ಲಿ ನೆನಪು ನಿಲ್ಲಿಸುವುದು ಕಲ್ಲಿನಲ್ಲೇ: ವೀರಗಲ್ಲು, ಮಾಸ್ತಿಕಲ್ಲು. ಸತ್ತವರಿಗಾಗಿ ಕಲ್ಲು ನೆಡುವುದು ನಮಗೆ ಗೊತ್ತು. ಕಲ್ಲೇ ತನ್ನ ಕಥೆಗೆ ತಾನೇ ಸ್ಮಾರಕ ಎನ್ನುವುದು ಹೊಸ ಮಾತು. ಈಗ ಆ ಮಾತು ನಮ್ಮಲ್ಲಿಗೂ ಬಂದಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಮಲ್ಪೆಯೆದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಕಲ್ಲುಗಳೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತು ಪಡೆದಿವೆ.

ಈ ಚರಿತ್ರೆಯಲ್ಲಿ ಒಂದು ಮುಜುಗರದ ಪುಟವೂ ಇದೆ. ಇಡೀ ಜರ್ಮನಿಗೆ ಅನ್ವಯಿಸುವ ಮೊದಲ ನಿಸರ್ಗ ರಕ್ಷಣೆ ಕಾಯ್ದೆ ಬಂದದ್ದು 1935ರಲ್ಲಿ, ನಾತ್ಸಿ ಆಡಳಿತದಲ್ಲಿ. ಯುದ್ಧ ಮುಗಿದ ಮೇಲೂ ಪಶ್ಚಿಮ ಜರ್ಮನಿಯಲ್ಲಿ ಅದು ಬಳಕೆಯಲ್ಲಿ ಉಳಿಯಿತು; ಹೊಸ ಒಕ್ಕೂಟ ಕಾಯ್ದೆ ಬಂದದ್ದು 1976ರಲ್ಲಿ. ಮರ ಬಂಡೆಗಳ ಮೇಲಿನ ಪ್ರೀತಿ ಮನುಷ್ಯರ ಮೇಲಿನ ಕರುಣೆಗೆ ಖಾತರಿ ಅಲ್ಲ ಎಂಬುದನ್ನು ಮರೆಯಬಾರದು.

ಈಗ ಮೆಸೆಲ್‌ಗೆ ಬರೋಣ. ಫ್ರಾಂಕ್‌ಫರ್ಟ್‌ನ ದಕ್ಷಿಣಕ್ಕೆ, ಡಾರ್ಮ್‌ಸ್ಟಾಟ್ ನಗರದ ಹತ್ತಿರ, ಕಾಡಿನ ನಡುವಿನ ಸಣ್ಣ ಊರು ಇದು. ಇಲ್ಲಿ ಕೋಟೆಯಿಲ್ಲ, ನೋಟವೂ ಇಲ್ಲ. ಇರುವುದು ಸುಮಾರು ಒಂದು ಕಿಲೋಮೀಟರ್ ಉದ್ದದ, 60 ಮೀಟರ್ ಆಳದ ಹಳ್ಳ.

ಹಳ್ಳ ತೋಡಿದ್ದು ಎಣ್ಣೆಗಾಗಿ. ಇಲ್ಲಿಯ ಕಪ್ಪು ಜೇಡಿಪದರದ ಕಲ್ಲನ್ನು ಕಾಯಿಸಿದರೆ ಕಚ್ಚಾ ಎಣ್ಣೆ ಇಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಶುರುವಾದ ಗಣಿಗಾರಿಕೆ 1971ರವರೆಗೆ ನಡೆಯಿತು. 1875ರಲ್ಲೇ ಕಲ್ಲಿನೊಳಗೆ ಮೊಸಳೆ ಜಾತಿಯ ಪ್ರಾಣಿಯ ಪಳೆಯುಳಿಕೆ ಸಿಕ್ಕಿತ್ತು. ಆದರೆ ಎಣ್ಣೆಗೆ ಬೆಲೆಯಿದ್ದಾಗ ಎಲುಬನ್ನು ಕೇಳುವವರಾರು? ಅಗೆದ ಕಲ್ಲೆಲ್ಲ ಕುಲುಮೆಗೆ ಹೋಯಿತು. ಅದರ ಜೊತೆ ಎಷ್ಟು ಕುದುರೆ, ಎಷ್ಟು ಹಕ್ಕಿ ಸುಟ್ಟುಹೋದವೋ, ಲೆಕ್ಕ ಇಟ್ಟವರಿಲ್ಲ.

ಸುಮಾರು 4.8 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲದಡಿಯ ಶಿಲಾಪಾಕ ನೀರಿಗೆ ತಾಗಿ ಸ್ಫೋಟವಾಯಿತು. ಉಂಟಾದ ಬಾಯಿಯಲ್ಲಿ ನೀರು ತುಂಬಿ ಆಳವಾದ ಕೆರೆಯಾಯಿತು. ಈ ವಿವರಣೆ ಖಚಿತವಾದದ್ದು 2001ರಲ್ಲಿ, 433 ಮೀಟರ್ ಆಳಕ್ಕೆ ಕೊರೆದು ನೋಡಿದ ಮೇಲೆ. ಕೆರೆಯ ತಳದಲ್ಲಿ ಆಮ್ಲಜನಕವಿರಲಿಲ್ಲ. ಹಾಗಾಗಿ ಅಲ್ಲಿಗೆ ಇಳಿದ ಹೆಣ ಹರಿದು ಚದುರಲಿಲ್ಲ. ಮೇಲೆ ಪಾಚಿಯೂ ಜೇಡಿಯೂ ವರ್ಷವರ್ಷ ಕೂದಲೆಳೆಯಷ್ಟು ದಪ್ಪಕ್ಕೆ ಕೂತವು. ನಾಯಿಯಷ್ಟೇ ಗಾತ್ರದ ಕುದುರೆಗಳು, ಅದರಲ್ಲೊಂದರ ಹೊಟ್ಟೆಯಲ್ಲಿ ಮರಿ. ಕೊನೆಯ ಊಟ ಹೊಟ್ಟೆಯಲ್ಲಿರುವ ಬಾವಲಿಗಳು. ಬಣ್ಣ ಇನ್ನೂ ಮಾಸದ ಜೀರುಂಡೆಗಳು. ಕೂಡುತ್ತಲೇ ಸತ್ತ ಆಮೆ ಜೋಡಿಗಳು. ಹಲ್ಲಿಯನ್ನು ನುಂಗಿದ ಹಾವು, ಆ ಹಲ್ಲಿಯ ಹೊಟ್ಟೆಯಲ್ಲಿ ಒಂದು ಹುಳು. ನಮ್ಮ ಕಾಡಿನ ಚಿಪ್ಪುಹಂದಿಯ ಹಳೆಯ ನೆಂಟನೂ ಇಲ್ಲಿ ಸಿಕ್ಕಿದ್ದಾನೆ. ಇಂದು ಏಷ್ಯಾ ಆಫ್ರಿಕಾಗಳಲ್ಲಿ ಮಾತ್ರ ಉಳಿದಿರುವ ಈ ಬಳಗ ಆಗ ಯುರೋಪಿನಲ್ಲೂ ಇತ್ತು.

ಇದನ್ನೆಲ್ಲ ಹೊರತೆಗೆಯುವುದು ಸುಲಭವಲ್ಲ. ಈ ಕಲ್ಲಿನ ತೂಕದಲ್ಲಿ ಸುಮಾರು 40 ಪ್ರತಿಶತ ನೀರೇ. ಗಾಳಿಗೆ ಬಿಟ್ಟರೆ ಒಣಗಿ, ಹಪ್ಪಳದ ಹಾಗೆ ಸೀಳಿ, ಒಳಗಿನ ಪ್ರಾಣಿಯ ಜೊತೆ ಪುಡಿಯಾಗುತ್ತದೆ. 1960ರ ದಶಕದಲ್ಲಿ ಇದಕ್ಕೊಂದು ಉಪಾಯ ಹಿಡಿತಕ್ಕೆ ಬಂತು. ಕಲ್ಲನ್ನು ಒದ್ದೆಯಾಗಿಟ್ಟುಕೊಂಡೇ ಒಂದು ಬದಿ ಶುಚಿಮಾಡಿ, ಎಲುಬಿನ ಮೇಲೆ ರಾಳ ಸುರಿದು ಗಟ್ಟಿಯಾಗಿಸುವುದು. ಆಮೇಲೆ ಮಗುಚಿ, ಇನ್ನೊಂದು ಬದಿಯಿಂದ ಕಲ್ಲನ್ನೆಲ್ಲ ಕೆರೆದು ತೆಗೆಯುವುದು. ಕೊನೆಗೆ ಎಲುಬು ಕಲ್ಲಿನಿಂದ ರಾಳಕ್ಕೆ ವರ್ಗವಾಗಿರುತ್ತದೆ.

ಉಪಾಯ ಕೈಗೆ ಬಂದ ಹೊತ್ತಿಗೇ ಗಣಿ ಮುಚ್ಚಿತು. ಬೆಳೆಯುತ್ತಿದ್ದ ಫ್ರಾಂಕ್‌ಫರ್ಟ್ ಸುತ್ತಲಿನ ಪ್ರದೇಶಕ್ಕೆ ಕಸ ಹಾಕಲು ಜಾಗ ಬೇಕಿತ್ತು. ರೆಡಿಯಾಗಿ ತೋಡಿಟ್ಟ ಇಷ್ಟು ದೊಡ್ಡ ಗುಂಡಿ ಇನ್ನೆಲ್ಲಿ ಸಿಗಬೇಕು? ಮೆಸೆಲ್ ಅನ್ನು ಕಸದ ತಾಣ ಮಾಡುವ ಯೋಜನೆ ತಯಾರಾಯಿತು. ಯೋಜನೆ ಹಾಕಿದವರನ್ನು ರಾಕ್ಷಸರೆಂದು ಭಾವಿಸಬೇಕಿಲ್ಲ. ಕಸ ಎಲ್ಲಿಗಾದರೂ ಹೋಗಲೇಬೇಕು; ದೇವನಾರ್, ಗಾಜಿಪುರದ ಬೆಟ್ಟಗಳನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರು ಕೂಡ ತನ್ನ ಕಸವನ್ನು ಹೊರವಲಯದ ಹಳೆಯ ಕಲ್ಲು ಕ್ವಾರಿಗಳಿಗೆ ಸುರಿದಿದೆ. ಆಡಳಿತದ ಕಣ್ಣಿಗೆ ಖಾಲಿ ಗುಂಡಿ ಎಂದರೆ ಖಾಲಿ ಜಾಗ.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಎರಡು ಓಟ ಒಟ್ಟಿಗೆ ನಡೆದವು. ಒಂದು, ಗುಂಡಿಯೊಳಗೆ. ಕಸ ಬೀಳುವ ಮೊದಲು ಸಿಕ್ಕಿದ್ದನ್ನು ಉಳಿಸಿಕೊಳ್ಳೋಣ ಎಂದು ಹವ್ಯಾಸಿ ಸಂಗ್ರಾಹಕರು ಮುಗಿಬಿದ್ದರು. 1975ರಿಂದ ಫ್ರಾಂಕ್‌ಫರ್ಟಿನ ಸೆಂಕೆನ್‌ಬರ್ಗ್ ಸಂಸ್ಥೆಯವರೂ ಅಗೆಯತೊಡಗಿದರು. ಹವ್ಯಾಸಿಗಳು ಎಷ್ಟೋ ಉಳಿಸಿದರು. ಎಷ್ಟೋ ವಸ್ತು ಖಾಸಗಿ ಮನೆಗಳಿಗೂ ಹೋಯಿತು. 1983ರಲ್ಲಿ ಸಿಕ್ಕಿದ ಒಂದು ಪುಟ್ಟ ವಾನರ ಬಂಧುವಿನ ಪಳೆಯುಳಿಕೆ ಎರಡು ಹೋಳಾಗಿ ಬೇರೆಬೇರೆ ಕೈ ಸೇರಿತು. ಒಂದು ಹೋಳಿನಲ್ಲಿ ಇಲ್ಲದ ಭಾಗವನ್ನು ಕೃತಕವಾಗಿ ಸೇರಿಸಿ ಮಾರಿದರು. ಮುಖ್ಯ ಹೋಳು ಎರಡು ದಶಕಕ್ಕೂ ಹೆಚ್ಚು ಕಾಲ ಕಣ್ಮರೆಯಾಗಿತ್ತು. 2009ರಲ್ಲಿ ‘ಇಡಾ’ ಎಂಬ ಹೆಸರಿನಲ್ಲಿ, ಮನುಷ್ಯನ ಮೂಲವೇ ಸಿಕ್ಕಿತೆಂಬ ಡಂಗುರದೊಂದಿಗೆ ಲೋಕಕ್ಕೆ ಕಾಣಿಸಿಕೊಂಡಿತು. ಅದು ನಮ್ಮ ನೇರ ಪೂರ್ವಜೆಯಲ್ಲ, ಲೀಮರ್‌ಗಳ ಕಡೆಯದು ಎಂದು ಬೇರೆ ವಿಜ್ಞಾನಿಗಳು ಬೇಗನೆ ತೋರಿಸಿಕೊಟ್ಟರು.

ಇನ್ನೊಂದು ಓಟ, ಗುಂಡಿಯ ಹೊರಗೆ. ಮೆಸೆಲ್‌ನ ಜನ ನಾಗರಿಕ ಸಮಿತಿ ಕಟ್ಟಿಕೊಂಡು ಅರ್ಜಿ, ಆಕ್ಷೇಪಣೆ, ಮೊಕದ್ದಮೆ ಎಂದು ಅಲೆದರು. ಎಲ್ಲರೂ ಪಳೆಯುಳಿಕೆ ಪ್ರೇಮಿಗಳೇ ಆಗಿರಬೇಕೆಂದಿಲ್ಲ. ಮನೆ ಪಕ್ಕದಲ್ಲಿ ಕಸ ಬೇಡ ಎನ್ನುವುದೂ ನ್ಯಾಯವಾದ ಆಸೆಯೇ. ವಿಜ್ಞಾನಿಗಳ ಕಾಳಜಿ, ಊರವರ ಹಟ ಎರಡೂ ಒಂದೇ ಕಡತದಲ್ಲಿ ಸೇರಿದ್ದು ಮೆಸೆಲ್‌ನ ಅದೃಷ್ಟ. 1981ರಲ್ಲಿ ಯೋಜನೆಗೆ ಅನುಮತಿ ಸಿಕ್ಕಾಗಲೂ ಅವರು ಬಿಡಲಿಲ್ಲ. ಆ ದಶಕದ ಕೊನೆಗೆ ನ್ಯಾಯಾಲಯದಲ್ಲಿ ಯೋಜನೆ ಮುಗ್ಗರಿಸಿತು. 1991ರಲ್ಲಿ ಹೆಸ್ಸೆ ರಾಜ್ಯ ಸರ್ಕಾರ 3 ಕೋಟಿ ಮಾರ್ಕ್‌ಗೂ ಹೆಚ್ಚು ಕೊಟ್ಟು ಗುಂಡಿಯನ್ನು ಕೊಂಡಿತು. 1995ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಸರ್ಗದ ವಿಭಾಗದಲ್ಲಿ ಜರ್ಮನಿಗೆ ಸಿಕ್ಕ ಮೊದಲ ಸ್ಥಾನ ಅದು. ಕಾಡಲ್ಲ, ಬೆಟ್ಟವಲ್ಲ, ಮನುಷ್ಯರು ಎಣ್ಣೆಗಾಗಿ ತೋಡಿ ಬಿಟ್ಟ ಹಳ್ಳ.

ಇಲ್ಲೊಂದು ವಿಚಿತ್ರವಿದೆ. ಗಣಿಗಾರಿಕೆ ನಡೆಯದಿದ್ದರೆ ಈ ಪದರಗಳು ಕಾಡಿನಡಿ ಮುಚ್ಚಿಯೇ ಇರುತ್ತಿದ್ದವು. ಇನ್ನಷ್ಟು ಕಾಲ ನಡೆದಿದ್ದರೆ ಅವು ಉಳಿಯುತ್ತಲೇ ಇರಲಿಲ್ಲ. ಡ್ರಾಖೆನ್‌ಫೆಲ್ಸ್‌ನಲ್ಲೂ ಅಷ್ಟೇ. ಅಗೆತ ತೋರಿಸುತ್ತದೆ, ಅಗೆತವೇ ಅಳಿಸುತ್ತದೆ. ನಡುವೆ ಯಾರೋ ಕೆಲವರು ಸರಿಯಾದ ಹೊತ್ತಿಗೆ ‘ಸಾಕು, ನಿಲ್ಲಿಸಿ’ ಎಂದರು. ಆ ಹೊತ್ತು ಸ್ವಲ್ಪ ತಪ್ಪಿದ್ದರೂ ಇವತ್ತು ನೋಡಲು ಏನೂ ಇರುತ್ತಿರಲಿಲ್ಲ.

ಈಗ ಅಲ್ಲಿಗೆ ಹೋದರೆ 2010ರಲ್ಲಿ ತೆರೆದ ಸಂದರ್ಶಕರ ಕೇಂದ್ರವಿದೆ, ಅಂಚಿನಲ್ಲಿ ನಿಂತು ನೋಡಲು ಕಟ್ಟೆಯಿದೆ. ಕೆಳಗಿಳಿಯಬೇಕಾದರೆ ಮಾರ್ಗದರ್ಶಿಯ ಜೊತೆಯಲ್ಲೇ ಇಳಿಯಬೇಕು. ಮೊದಲ ನೋಟಕ್ಕೆ ನಿರಾಸೆಯಾದರೂ ಆದೀತು: ಪೊದೆ ಬೆಳೆದ ಇಳಿಜಾರು, ಬೂದುಕಪ್ಪು ಮಣ್ಣು, ಅಲ್ಲಲ್ಲಿ ಅಗೆತದ ಗುಳಿ. ಪ್ರಾಣಿಗಳನ್ನು ನೋಡಬೇಕಾದರೆ ಡಾರ್ಮ್‌ಸ್ಟಾಟ್, ಫ್ರಾಂಕ್‌ಫರ್ಟ್ ಮ್ಯೂಸಿಯಂಗಳಿಗೆ ಹೋಗಬೇಕು. ಗುಂಡಿಯಲ್ಲಿ ಕೇಳಿಸಿಕೊಳ್ಳಬೇಕಾದದ್ದು ಬೇರೆ. ತಳದಲ್ಲಿ ಸೇರುವ ನೀರನ್ನು ಅಲ್ಲಿ ಈಗಲೂ ಪಂಪಿನಿಂದ ಹೊರಹಾಕುತ್ತಾರೆ. ನಿಲ್ಲಿಸಿದರೆ ಹಳ್ಳ ಮತ್ತೆ ಕೆರೆಯಾದೀತು. ಕಸದಿಂದ ಉಳಿಸಿಕೊಂಡದ್ದನ್ನು ನೀರಿನಿಂದಲೂ ಉಳಿಸಿಕೊಳ್ಳಬೇಕು, ಪ್ರತಿದಿನ.

ಹೀಗಾಗಿ ನನ್ನ ಅನುವಾದದಲ್ಲಿ ಕೊನೆಗೆ ‘ಮೆಸೆಲ್ ಗುಂಡಿ’ ಎಂದೇ ಬರೆದೆ. ಗಣಿ ಎಂದರೆ ಗೌರವ ಹೆಚ್ಚು, ನಿಜ. ಆದರೆ ಗಣಿಯ ಕಥೆ 1971ಕ್ಕೇ ಮುಗಿದಿತ್ತು. ಆ ಊರಿನವರು ಇಪ್ಪತ್ತು ವರ್ಷ ಹೋರಾಡಿ ಉಳಿಸಿಕೊಂಡದ್ದು ಗುಂಡಿಯನ್ನು, ತುಂಬದೆ ಹಾಗೇ ಬಿಟ್ಟ ಗುಂಡಿಯನ್ನು.