ಹಳೆಯ ಬಿಲಿಯರ್ಡ್ಸ್ ಮೇಜಿನ ಜೀರ್ಣೋದ್ಧಾರ

ಹಳೆಯ ಬಿಲಿಯರ್ಡ್ಸ್ ಮೇಜಿನ ಜೀರ್ಣೋದ್ಧಾರ ಎಂದರೆ ಬಿಲಿಯರ್ಡ್ಸ್, ಸ್ನೂಕರ್ ಅಥವಾ ಪೂಲ್ ಆಟಕ್ಕಾಗಿ ಹಿಂದೆ ತಯಾರಿಸಲಾದ ಮೇಜನ್ನು, ಅದರ ಮೂಲ ಭಾಗಗಳನ್ನು ಸಾಧ್ಯವಾದಷ್ಟು ಉಳಿಸಿಕೊಂಡು, ಮತ್ತೆ ಆಡಲು ಯೋಗ್ಯವಾಗುವಂತೆ ಸರಿಪಡಿಸುವ ಕೆಲಸ. ಮರಗೆಲಸ, ಕಲ್ಲಿನ ಚಪ್ಪಡಿಗಳ ಜೋಡಣೆ, ರಬ್ಬರ್ ಅಂಚುಗಳ ಬದಲಾವಣೆ ಮತ್ತು ಬಟ್ಟೆ ಹೊದಿಸುವಿಕೆ ಇದರ ನಾಲ್ಕು ಮುಖ್ಯ ಹಂತಗಳು. ಕೆಲಸದ ಬಹುಭಾಗವನ್ನು ಮನೆಯಲ್ಲಿಯೇ ಮಾಡಬಹುದಾದರೂ, ಚಪ್ಪಡಿಗಳ ಭಾರ ಮತ್ತು ಮಟ್ಟದ ನಿಖರತೆಯ ಕಾರಣದಿಂದ ಕೆಲವು ಹಂತಗಳಿಗೆ ಅನುಭವಿಗಳ ನೆರವು ಅಗತ್ಯವಾಗುತ್ತದೆ. ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳದಂತಹ ಮಳೆ ಹೆಚ್ಚಿರುವ ಪ್ರದೇಶಗಳಲ್ಲಿ ತೇವಾಂಶವೇ ಇಂತಹ ಮೇಜುಗಳ ದೊಡ್ಡ ಶತ್ರು. ಆದ್ದರಿಂದ ಇಲ್ಲಿ ಕೆಲಸದ ಕ್ರಮದಷ್ಟೇ ಕೆಲಸದ ಕಾಲವೂ ಮುಖ್ಯವಾಗಿದೆ.

ಹಿನ್ನೆಲೆ

ಇಂಗ್ಲೆಂಡಿನ ಜಾನ್ ಥರ್ಸ್ಟನ್ 19ನೆಯ ಶತಮಾನದ ಪೂರ್ವಾರ್ಧದಲ್ಲಿ ಮೇಜಿನ ರಚನೆಯನ್ನು ಬದಲಾಯಿಸಿದವರಲ್ಲಿ ಪ್ರಮುಖ. 1826ರಲ್ಲಿ ಆತ ಮರದ ಹಲಗೆಯ ಬದಲು ಸ್ಲೇಟು ಕಲ್ಲಿನ ಹಾಸನ್ನು ಬಳಸಿದನು. 1830ರ ದಶಕದಲ್ಲಿ ಅಂಚುಗಳಿಗೆ ರಬ್ಬರ್ ಬಂದಿತು. ಆರಂಭದ ರಬ್ಬರ್ ಚಳಿಯಲ್ಲಿ ಗಟ್ಟಿಯಾಗುತ್ತಿತ್ತು. 1840ರ ದಶಕದಲ್ಲಿ ಗಂಧಕ ಸೇರಿಸಿ ಸಂಸ್ಕರಿಸಿದ ರಬ್ಬರ್ ಬಳಕೆಗೆ ಬಂದ ಮೇಲೆ ಈ ತೊಂದರೆ ನಿವಾರಣೆಯಾಯಿತು.

ಭಾರತಕ್ಕೆ ಈ ಆಟಗಳು ಬ್ರಿಟಿಷ್ ಸೇನಾಧಿಕಾರಿಗಳ ಮೂಲಕ ಬಂದವು. ಸ್ನೂಕರ್ ಆಟವು 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಅಧಿಕಾರಿಯಿಂದ ರೂಪುಗೊಂಡಿತೆಂದು ಒಪ್ಪಲಾಗಿದೆ. ಅದರ ನಿಯಮಗಳು ಉದಕಮಂಡಲದ ಕ್ಲಬ್ಬಿನಲ್ಲಿ ಸಿದ್ಧವಾದವು. ದಂಡು ಪ್ರದೇಶಗಳ ಕ್ಲಬ್ಬುಗಳು, ಅರಮನೆಗಳು ಮತ್ತು ತೋಟದ ಬಂಗಲೆಗಳಲ್ಲಿ ಮೇಜುಗಳು ನೆಲೆಗೊಂಡವು. ಮೈಸೂರಿನ ಲಲಿತಮಹಲ್ ಅರಮನೆಯಲ್ಲಿ ಬಿಲಿಯರ್ಡ್ಸ್ ಕೋಣೆಯಿದೆ. ಬೆಂಗಳೂರು ಈ ಆಟಗಳ ಪ್ರಮುಖ ಕೇಂದ್ರವಾಗಿ ಬೆಳೆದಿದ್ದು, ವಿಶ್ವ ಚಾಂಪಿಯನ್ ಪಂಕಜ್ ಅಡ್ವಾಣಿ ಅಲ್ಲಿಯೇ ತರಬೇತಿ ಪಡೆದವರು. ಭಾರತದಲ್ಲಿ ಕಾಣಸಿಗುವ ಹಳೆಯ ಮೇಜುಗಳಲ್ಲಿ ಬ್ರಿಟಿಷ್ ಮಾದರಿಯ ಹನ್ನೆರಡು ಅಡಿಯವೇ ಹೆಚ್ಚು. ಅಮೆರಿಕನ್ ಮಾದರಿಯ ಪೂಲ್ ಮೇಜುಗಳು ವಿರಳ.

ಮೇಜಿನ ರಚನೆ

ಪೂರ್ಣಪ್ರಮಾಣದ ಬ್ರಿಟಿಷ್ ಮೇಜಿನ ಆಟದ ಅಂಗಳ 3569 ಮಿ.ಮೀ. ಉದ್ದ ಮತ್ತು 1778 ಮಿ.ಮೀ. ಅಗಲವಿರುತ್ತದೆ. ಇದಕ್ಕೆ ಸಾಮಾನ್ಯವಾಗಿ ಎಂಟು ಕಾಲುಗಳು ಮತ್ತು ಐದು ಸ್ಲೇಟು ಚಪ್ಪಡಿಗಳು. ಸುಮಾರು 45 ಮಿ.ಮೀ. ದಪ್ಪದ ಒಂದೊಂದು ಚಪ್ಪಡಿಯೂ 150 ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ. ಇಡೀ ಮೇಜಿನ ತೂಕ ಒಂದು ಟನ್ನನ್ನು ಮೀರುತ್ತದೆ. ಒಂಬತ್ತು ಅಡಿಯ ಪೂಲ್ ಮೇಜಿನ ಅಂಗಳ 2540 × 1270 ಮಿ.ಮೀ. ಇದ್ದು, ಸಾಮಾನ್ಯವಾಗಿ 25 ಮಿ.ಮೀ. ದಪ್ಪದ ಮೂರು ಚಪ್ಪಡಿಗಳಿರುತ್ತವೆ.

ಕಾಲುಗಳ ಮೇಲೆ ಮರದ ಚೌಕಟ್ಟು, ಅದರ ಮೇಲೆ ಚಪ್ಪಡಿಗಳು, ಚಪ್ಪಡಿಗಳ ಸುತ್ತ ರಬ್ಬರ್ ಅಂಟಿಸಿದ ಮರದ ಅಂಚುಪಟ್ಟಿಗಳು, ಮೂಲೆ ಮತ್ತು ಮಧ್ಯದಲ್ಲಿ ಆರು ಪಾಕೆಟ್ಟುಗಳು, ಎಲ್ಲದರ ಮೇಲೆ ಉಣ್ಣೆಯ ಬಟ್ಟೆ: ಇದು ಮೇಜಿನ ಸಾಮಾನ್ಯ ರಚನೆ. ಮಹಾಗನಿ, ಸಾಗುವಾನಿ ಮತ್ತು ಓಕ್ ಮರಗಳು ಹೆಚ್ಚಾಗಿ ಬಳಕೆಯಾಗಿವೆ. ಭಾರತದಲ್ಲಿ ತಯಾರಾದವುಗಳಲ್ಲಿ ಬೀಟೆ ಮರವೂ ಕಂಡುಬರುತ್ತದೆ.

ಪೂರ್ವಪರೀಕ್ಷೆ

ಕೆಲಸಕ್ಕೆ ಮೊದಲು ಮೇಜಿನ ತಯಾರಕರನ್ನು ಗುರುತಿಸಲಾಗುತ್ತದೆ. ಹೆಸರಿನ ಫಲಕ ಸಾಮಾನ್ಯವಾಗಿ ಅಂಚುಪಟ್ಟಿಯ ಮೇಲಿರುತ್ತದೆ. ಫಲಕ ಕಳೆದುಹೋಗಿದ್ದರೆ ಕಾಲುಗಳ ಕಡೆತ, ಬೋಲ್ಟುಗಳ ಮಾದರಿ ಮತ್ತು ಚೌಕಟ್ಟಿನ ಒಳಭಾಗದ ಅಂಕೆಗಳು ನೆರವಾಗುತ್ತವೆ. ಅನಂತರ ಈ ಅಂಶಗಳನ್ನು ಪರಿಶೀಲಿಸಲಾಗುತ್ತದೆ:

• ಚಪ್ಪಡಿಗಳಲ್ಲಿ ಬಿರುಕು ಇದೆಯೇ. ಅಂಚಿನ ಸಣ್ಣ ಮುಕ್ಕನ್ನು ತುಂಬಬಹುದು. ಅಡ್ಡಲಾಗಿ ಒಡೆದ ಚಪ್ಪಡಿಯನ್ನು ನಂಬಿಕೆಯಿಂದ ಸರಿಪಡಿಸುವುದು ಕಷ್ಟ.
• ಮರಕ್ಕೆ ಗೆದ್ದಲು ಅಥವಾ ಕೊರೆಯುವ ಹುಳು ಹತ್ತಿದೆಯೇ. ರಂಧ್ರಗಳಿಂದ ಹೊಸ ಪುಡಿ ಉದುರುತ್ತಿದ್ದರೆ ಹುಳು ಜೀವಂತವಿದೆ ಎಂದರ್ಥ.
• ರಬ್ಬರ್ ಮೆತುವನ್ನು ಉಳಿಸಿಕೊಂಡಿದೆಯೇ. ಉಗುರಿನಿಂದ ಒತ್ತಿದಾಗ ಬಗ್ಗದೆ ಕಲ್ಲಿನಂತೆ ಗಟ್ಟಿಯಾಗಿದ್ದರೆ ಬದಲಾಯಿಸಬೇಕು.
• ಬೋಲ್ಟು, ತಿರುಪು ಮತ್ತು ಪಾಕೆಟ್ಟಿನ ಲೋಹದ ಬಳೆಗಳು ಪೂರ್ಣವಾಗಿವೆಯೇ.

ಚಪ್ಪಡಿಗಳು ಮತ್ತು ಚೌಕಟ್ಟು ಸುಸ್ಥಿತಿಯಲ್ಲಿದ್ದರೆ ಉಳಿದ ಬಹುತೇಕ ದೋಷಗಳು ಸರಿಪಡಿಸತಕ್ಕವು. ಅವೆರಡೂ ಕೆಟ್ಟಿದ್ದರೆ ಮೇಜನ್ನು ಆಟಕ್ಕೆ ಸಿದ್ಧಪಡಿಸುವ ಬದಲು ಇದ್ದಂತೆಯೇ ಕಾಯ್ದಿಡುವುದು ಸೂಕ್ತವೆನಿಸಬಹುದು.

ಕೋಣೆ ಮತ್ತು ನೆಲ

ಕ್ಯೂ ಕೋಲಿನ ಉದ್ದ ಸುಮಾರು 147 ಸೆಂ.ಮೀ. ಇರುವುದರಿಂದ ಮೇಜಿನ ನಾಲ್ಕೂ ಕಡೆ ಅಷ್ಟು ಜಾಗ ಬೇಕಾಗುತ್ತದೆ. ಹನ್ನೆರಡು ಅಡಿಯ ಮೇಜಿಗೆ ಸುಮಾರು 22 × 16 ಅಡಿ, ಒಂಬತ್ತು ಅಡಿಯ ಪೂಲ್ ಮೇಜಿಗೆ ಸುಮಾರು 18 × 14 ಅಡಿ ಅಳತೆಯ ಕೋಣೆ ಅಗತ್ಯ.

ಕರಾವಳಿಯ ಹಳೆಯ ಹಂಚಿನ ಮನೆಗಳಲ್ಲಿ ಉಪ್ಪರಿಗೆಯ ನೆಲ ಸಾಮಾನ್ಯವಾಗಿ ಮರದ ತೊಲೆ ಮತ್ತು ಹಲಗೆಗಳದ್ದು. ಅಲ್ಲಿ ಸ್ಲೇಟು ಮೇಜನ್ನು ಇಡುವುದು ಅಪಾಯಕಾರಿ: ಒಂದು ಟನ್ನಿಗೂ ಮಿಕ್ಕಿದ ಭಾರ ಕಾಲುಗಳ ಅಡಿಯ ಕೆಲವೇ ಬಿಂದುಗಳ ಮೇಲೆ ಬೀಳುತ್ತದೆ. ನೆಲಮಾಳಿಗೆಯಿಲ್ಲದ ಕೆಳ ಅಂತಸ್ತಿನ ಗಟ್ಟಿ ನೆಲವೇ ಸೂಕ್ತ. ಕೆಂಪು ಕಾವಿಯ ನೆಲವಾಗಿದ್ದರೆ ಅದು ಬಿರಿಯದಂತೆ ಪ್ರತಿ ಕಾಲಿನ ಅಡಿಯಲ್ಲೂ ಅಗಲವಾದ ಮರದ ಅಥವಾ ಕಲ್ಲಿನ ತುಂಡನ್ನು ಇಡಲಾಗುತ್ತದೆ.

ಬಿಚ್ಚುವ ಕ್ರಮ

ಪ್ರತಿ ಹಂತದ ಛಾಯಾಚಿತ್ರ ತೆಗೆದು, ಪ್ರತಿ ಭಾಗಕ್ಕೂ ಅಂಕೆ ಬರೆದ ಚೀಟಿ ಕಟ್ಟುವುದು ಮೊದಲ ನಿಯಮ. ಕೈಕೆಲಸದ ಮೇಜುಗಳಲ್ಲಿ ಒಂದು ಕಾಲಿನ ಕಿಂಡಿಗೆ ಇನ್ನೊಂದು ಕಾಲಿನ ಗೂಟ ಸರಿಯಾಗಿ ಕೂರುವುದಿಲ್ಲ. ಪಾಕೆಟ್ಟು, ಅಂಚುಪಟ್ಟಿ, ಬಟ್ಟೆ, ಚಪ್ಪಡಿ, ಚೌಕಟ್ಟು, ಕಾಲುಗಳು ಈ ಕ್ರಮದಲ್ಲಿ ಬಿಚ್ಚಲಾಗುತ್ತದೆ.

ಬಟ್ಟೆಯ ಮೊಳೆಗಳನ್ನು ಒಂದೊಂದಾಗಿ ಕೀಳಬೇಕು. ಎಳೆದು ಹರಿದರೆ ಚಪ್ಪಡಿಯ ಅಂಚಿಗೆ ಜೋಡಿಸಿದ ಮರದ ಪಟ್ಟಿ ಸೀಳುತ್ತದೆ. ಚಪ್ಪಡಿಯನ್ನು ಎತ್ತಲು ಕನಿಷ್ಠ ನಾಲ್ಕು ಜನ ಬೇಕು. ಅದನ್ನು ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿ ಸಾಗಿಸಲಾಗುತ್ತದೆ. ಅಡ್ಡಲಾಗಿ ಹಿಡಿದಾಗ ತನ್ನದೇ ಭಾರಕ್ಕೆ ಚಪ್ಪಡಿ ನಡುವಿನಲ್ಲಿ ಮುರಿಯುವ ಸಾಧ್ಯತೆಯಿದೆ.

ಮರದ ಭಾಗಗಳು

ಹಳೆಯ ಮೇಜುಗಳಿಗೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚುವ ಫ್ರೆಂಚ್ ಪಾಲಿಶ್ ಸಾಮಾನ್ಯವಾಗಿತ್ತು. ಮರೆಯಾದ ಜಾಗದಲ್ಲಿ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದಾಗ ಲೇಪ ಮೆತ್ತಗಾದರೆ ಅದು ಅರಗಿನದು. ಅಂತಹ ಲೇಪವನ್ನು ಪೂರ್ತಿ ಕೆರೆದು ತೆಗೆಯಬೇಕಾಗಿಲ್ಲ. ಕೊಳೆಯನ್ನು ಒರೆಸಿ, ಅದರ ಮೇಲೆಯೇ ತೆಳುವಾದ ಹೊಸ ಪದರಗಳನ್ನು ಹಚ್ಚಬಹುದು. ಒರಟಾದ ಉಪ್ಪುಕಾಗದದಿಂದ ಅಥವಾ ಯಂತ್ರದಿಂದ ಉಜ್ಜಿದರೆ ಕಾಲಾಂತರದಲ್ಲಿ ಮರಕ್ಕೆ ಬಂದ ಬಣ್ಣ ಮತ್ತು ಕೆತ್ತನೆಯ ಚೂಪು ಶಾಶ್ವತವಾಗಿ ನಾಶವಾಗುತ್ತವೆ.

ಸಡಿಲವಾದ ಸಂದುಗಳಿಗೆ ಪ್ರಾಣಿಜನ್ಯ ಸರೇಸನ್ನು ಬಳಸುವುದು ವಾಡಿಕೆ. ಬಿಸಿ ಮತ್ತು ತೇವದಿಂದ ಅದನ್ನು ಮತ್ತೆ ಬಿಡಿಸಬಹುದಾದ್ದರಿಂದ ಮುಂದಿನ ದುರಸ್ತಿಗೆ ಅವಕಾಶ ಉಳಿಯುತ್ತದೆ. ಎಪಾಕ್ಸಿಯಂತಹ ಅಂಟುಗಳು ಆ ಅವಕಾಶವನ್ನು ಇಲ್ಲವಾಗಿಸುತ್ತವೆ. ಕರಾವಳಿಯಲ್ಲಿ ಹುಳುವಿನಿಂದ ಮರವನ್ನು ಕಾಪಾಡಲು ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಹಚ್ಚುವ ಪದ್ಧತಿಯಿದೆ. ಇದು ಮರವನ್ನು ಕಪ್ಪಾಗಿಸುತ್ತದೆ ಮತ್ತು ಚರ್ಮಕ್ಕೆ ತಗಲಿದರೆ ಸುಡುತ್ತದೆ. ಆದ್ದರಿಂದ ಹೊರಗೆ ಕಾಣುವ ಭಾಗಗಳಿಗೆ ಇದು ಯೋಗ್ಯವಲ್ಲ.

ಚಪ್ಪಡಿಗಳ ಜೋಡಣೆ

ಮೊದಲು ಚೌಕಟ್ಟನ್ನು, ಅನಂತರ ಒಂದೊಂದೇ ಚಪ್ಪಡಿಯನ್ನು ರಸಮಟ್ಟದಿಂದ ಅಳೆದು ಸಮಗೊಳಿಸಲಾಗುತ್ತದೆ. ಬಡಗಿಗಳು ಬಳಸುವ ಸಾಮಾನ್ಯ ರಸಮಟ್ಟ ಇದಕ್ಕೆ ಸಾಲದು; ಯಂತ್ರಗಳ ಜೋಡಣೆಗೆ ಬಳಸುವ ನಿಖರವಾದ ರಸಮಟ್ಟ ಬೇಕು. ತಗ್ಗಿದ ಕಡೆ ಚಪ್ಪಡಿ ಮತ್ತು ಚೌಕಟ್ಟಿನ ನಡುವೆ ತೆಳುವಾದ ಮರದ ಬೆಣೆಗಳನ್ನು ಸೇರಿಸಲಾಗುತ್ತದೆ. ಒಂದು ಚಪ್ಪಡಿಯಿಂದ ಇನ್ನೊಂದಕ್ಕೆ ಬೆರಳಾಡಿಸಿದಾಗ ಸಂದು ಕೈಗೆ ತಿಳಿಯಬಾರದು.

ಸಂದುಗಳನ್ನು ಕರಗಿಸಿದ ಜೇನುಮೇಣದಿಂದ ಅಥವಾ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ತುಂಬಿ, ಒಣಗಿದ ಮೇಲೆ ಸಮವಾಗಿ ಕೆರೆಯಲಾಗುತ್ತದೆ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದ್ದರಿಂದ ಕರಾವಳಿಯ ಬೇಸಗೆಯಲ್ಲೂ ಅದು ನಿಲ್ಲುತ್ತದೆ. ತೇವವನ್ನು ಹೀರುವುದಿಲ್ಲ ಎಂಬುದು ಅದರ ಇನ್ನೊಂದು ಗುಣ.

ರಬ್ಬರ್ ಅಂಚುಗಳು

ಹೊಸ ರಬ್ಬರನ್ನು ಆಟಕ್ಕೆ ತಕ್ಕಂತೆ ಆರಿಸಬೇಕು. ಸ್ನೂಕರ್ ಚೆಂಡಿನ ವ್ಯಾಸ 52.5 ಮಿ.ಮೀ., ಪೂಲ್ ಚೆಂಡಿನದು 57.15 ಮಿ.ಮೀ. ಆಗಿರುವುದರಿಂದ ರಬ್ಬರಿನ ಆಕಾರ ಮತ್ತು ಎತ್ತರ ಎರಡರಲ್ಲೂ ವ್ಯತ್ಯಾಸವಿದೆ. ಪೂಲ್ ಮೇಜಿನಲ್ಲಿ ರಬ್ಬರಿನ ಮೂತಿಯು ಚೆಂಡಿನ ವ್ಯಾಸದ ಸುಮಾರು 63.5 ಶೇಕಡಾ ಎತ್ತರದಲ್ಲಿ, ಅಂದರೆ ಹಾಸಿನಿಂದ ಸುಮಾರು 36 ಮಿ.ಮೀ. ಮೇಲೆ ಇರುತ್ತದೆ. ಮೂತಿ ತೀರ ಕೆಳಗಿದ್ದರೆ ಚೆಂಡು ಪುಟಿದು ಮೇಲೇಳುತ್ತದೆ. ತೀರ ಮೇಲಿದ್ದರೆ ಹಾಸಿಗೆ ಒತ್ತಲ್ಪಟ್ಟು ವೇಗ ಕಳೆದುಕೊಳ್ಳುತ್ತದೆ. ಆರೂ ಪಟ್ಟಿಗಳ ರಬ್ಬರನ್ನು ಒಟ್ಟಿಗೆ ಬದಲಾಯಿಸುವುದು ವಾಡಿಕೆ. ಇಲ್ಲವಾದರೆ ಒಂದೊಂದು ಕಡೆ ಒಂದೊಂದು ಬಗೆಯ ಪುಟಿತ ಉಂಟಾಗುತ್ತದೆ.

ಬಟ್ಟೆ

ಸ್ನೂಕರ್ ಮೇಜಿನ ಬಟ್ಟೆಗೆ ಒಂದೇ ದಿಕ್ಕಿಗೆ ಒರಗಿದ ನವಿರು ಎಳೆಗಳಿರುತ್ತವೆ. ಆಟ ಆರಂಭವಾಗುವ ಬಾಕ್ ತುದಿಯಿಂದ ಕಪ್ಪು ಚೆಂಡಿನ ತುದಿಯ ಕಡೆಗೆ ಎಳೆ ಒರಗುವಂತೆ ಬಟ್ಟೆಯನ್ನು ಹೊದಿಸಲಾಗುತ್ತದೆ. ಬ್ರಶ್ ಮಾಡುವುದು ಮತ್ತು ಇಸ್ತ್ರಿ ಹಾಕುವುದು ಸಹ ಅದೇ ದಿಕ್ಕಿನಲ್ಲಿ. ಪೂಲ್ ಮೇಜಿನ ಬಟ್ಟೆ ಸಾಮಾನ್ಯವಾಗಿ ಇಂತಹ ಎಳೆಯಿಲ್ಲದ, ಬಿಗಿ ನೇಯ್ಗೆಯ ಉಣ್ಣೆ ಮತ್ತು ನೈಲಾನ್ ಮಿಶ್ರಣ. ಬಟ್ಟೆಯನ್ನು ಮೊದಲು ಉದ್ದಕ್ಕೆ, ಅನಂತರ ಅಗಲಕ್ಕೆ ಎಳೆದು ಬಿಗಿಯಲಾಗುತ್ತದೆ. ಕೊನೆಗೆ ಗುರುತುಗಳನ್ನು ಹಾಕಲಾಗುತ್ತದೆ: ಪೂರ್ಣಪ್ರಮಾಣದ ಮೇಜಿನಲ್ಲಿ ಬಾಕ್ ಗೆರೆ ಅಂಚಿನಿಂದ 737 ಮಿ.ಮೀ. ದೂರದಲ್ಲಿದ್ದು, ಅದರ ಮೇಲಿನ ಅರ್ಧವೃತ್ತದ ತ್ರಿಜ್ಯ 292 ಮಿ.ಮೀ.

ಕರಾವಳಿಯ ಹವಾಮಾನ

ಉಡುಪಿ ಜಿಲ್ಲೆಯಲ್ಲಿ ವಾರ್ಷಿಕ ಮಳೆ ಸುಮಾರು 4,000 ಮಿ.ಮೀ.; ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಈ ತಿಂಗಳುಗಳಲ್ಲಿ ಮರ ಉಬ್ಬುತ್ತದೆ, ಉಣ್ಣೆಗೆ ಬೂಷ್ಟು ಹಿಡಿಯುತ್ತದೆ, ಹೊಸದಾಗಿ ಹಚ್ಚಿದ ಅರಗಿನ ಲೇಪ ತೇವವನ್ನು ಹಿಡಿದು ಬಿಳಚಿಕೊಳ್ಳುತ್ತದೆ. ಆದ್ದರಿಂದ ಪಾಲಿಶ್ ಮತ್ತು ಬಟ್ಟೆಯ ಕೆಲಸಕ್ಕೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿ ಅನುಕೂಲಕರ. ಕಾಪುವಿನಂತಹ ಕಡಲ ತಡಿಯಲ್ಲಿ ಉಪ್ಪಿನ ಗಾಳಿಯಿಂದ ಕಬ್ಬಿಣದ ಬೋಲ್ಟುಗಳು ಬೇಗ ತುಕ್ಕು ಹಿಡಿದು ಮರವನ್ನು ಸೀಳುತ್ತವೆ. ಬದಲಿಗೆ ಹಿತ್ತಾಳೆಯ ಅಥವಾ ತುಕ್ಕು ಹಿಡಿಯದ ಉಕ್ಕಿನ ಬೋಲ್ಟುಗಳು ಸೂಕ್ತ. ಘಟ್ಟದ ತಪ್ಪಲಿಗೆ ಸಮೀಪದ ಕಾರ್ಕಳದಲ್ಲಿ ಉಪ್ಪಿನ ಬಾಧೆ ಕಡಿಮೆಯಾದರೂ ಮಳೆಯ ಬಾಧೆ ಕಡಿಮೆಯಲ್ಲ.

ಮಳೆಗಾಲದಲ್ಲಿ ಮೇಜನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಗಾಳಿಯಾಡುವ ಹತ್ತಿಯ ಹೊದಿಕೆ ಮತ್ತು ತೇವಾಂಶ ಹೀರುವ ಯಂತ್ರ ಉತ್ತಮ. ಮೇಜನ್ನು ಗೋಡೆಯಿಂದ ದೂರವಿಡಬೇಕು. ಒಂದು ಮಳೆಗಾಲ ಕಳೆದ ಮೇಲೆ ಮಟ್ಟವನ್ನು ಮತ್ತೊಮ್ಮೆ ಪರೀಕ್ಷಿಸುವುದು ಅಗತ್ಯ.

ಕಾನೂನು ಮತ್ತು ಸುರಕ್ಷತೆ

ಹಳೆಯ ಮೇಜಿನೊಂದಿಗೆ ಆನೆದಂತದ ಚೆಂಡುಗಳು ಅಥವಾ ಫಲಕಗಳು ದೊರೆಯಬಹುದು. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆ ಮತ್ತು ಅದರ ಅನಂತರದ ತಿದ್ದುಪಡಿಗಳ ಪ್ರಕಾರ ಭಾರತದಲ್ಲಿ ದಂತದ ವ್ಯಾಪಾರ ನಿಷಿದ್ಧ. ಅಂತಹ ವಸ್ತು ಸಿಕ್ಕಿದಲ್ಲಿ ಅದನ್ನು ಮಾರದೆ, ಕೆತ್ತದೆ, ಅರಣ್ಯ ಇಲಾಖೆಯನ್ನು ಸಂಪರ್ಕಿಸಬೇಕು. ದಂತಕ್ಕೆ ಬದಲಿಯಾಗಿ 1860ರ ದಶಕದ ಅಂತ್ಯದಲ್ಲಿ ಅಮೆರಿಕದ ಜಾನ್ ವೆಸ್ಲಿ ಹಯಾಟ್ ರೂಪಿಸಿದ ಸೆಲ್ಯುಲಾಯ್ಡ್ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ಹಳೆಯ ಸೆಲ್ಯುಲಾಯ್ಡ್ ಚೆಂಡುಗಳನ್ನು ಬೆಂಕಿ ಮತ್ತು ಬಿಸಿಲಿನಿಂದ ದೂರವಿಡಬೇಕು. ನೂರು ವರ್ಷಕ್ಕೂ ಹಳೆಯದಾದ ಕಲಾತ್ಮಕ ಅಥವಾ ಐತಿಹಾಸಿಕ ಮೌಲ್ಯದ ವಸ್ತುಗಳನ್ನು ಹೊರದೇಶಕ್ಕೆ ಸಾಗಿಸುವುದಕ್ಕೆ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ನಿರ್ಬಂಧಗಳಿವೆ.

ಸಂರಕ್ಷಣೆಯ ದೃಷ್ಟಿ

ಜೀರ್ಣೋದ್ಧಾರದಲ್ಲಿ ಎರಡು ಗುರಿಗಳ ನಡುವೆ ಘರ್ಷಣೆಯಿದೆ. ಚೆನ್ನಾಗಿ ಆಡಬೇಕಾದರೆ ರಬ್ಬರ್ ಮತ್ತು ಬಟ್ಟೆ ಹೊಸದಾಗಬೇಕು. ಮೇಜು ಇತಿಹಾಸದ ಸಾಕ್ಷಿಯಾಗಿ ಉಳಿಯಬೇಕಾದರೆ ಮೂಲ ವಸ್ತುಗಳು ಉಳಿಯಬೇಕು. ಸವೆಯುವ ಭಾಗಗಳನ್ನು ಮಾತ್ರ ಬದಲಾಯಿಸಿ, ತೆಗೆದ ಹಳೆಯ ತುಂಡುಗಳನ್ನು ಚೀಟಿ ಸಹಿತ ಕಾಯ್ದಿಟ್ಟು, ಮಾಡಿದ ಕೆಲಸವನ್ನು ಬರೆದಿಡುವುದು ಸಾಮಾನ್ಯವಾಗಿ ಒಪ್ಪಿತವಾದ ಮಧ್ಯಮಾರ್ಗ.

ಭಾಗಗಳಿಗೆ ಅಂಕೆ ಹಾಕಿ ಬಿಚ್ಚಿ ಮರುಜೋಡಿಸುವ ವಿಧಾನಕ್ಕೆ ಇದೇ ಪ್ರದೇಶದಲ್ಲಿ ದೊಡ್ಡ ನಿದರ್ಶನವಿದೆ. ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ, ಕೆಡವಲ್ಪಡಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಲಾಗಿದೆ. ಮಿಯಾರು ಮನೆ ಮತ್ತು ಕುಂಜೂರು ಚೌಕಿಮನೆ ಅವುಗಳಲ್ಲಿ ಸೇರಿವೆ. ಕಾರ್ಕಳ ಸಮೀಪದ ಮಿಯಾರಿನಲ್ಲಿರುವ ಸಿ.ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆಯು ಕಲ್ಲು ಮತ್ತು ಮರದ ಕೆತ್ತನೆಯಲ್ಲಿ ಶಿಕ್ಷಣ ನೀಡುತ್ತದೆ. ಮುರಿದ ಕಾಲು ಅಥವಾ ಕಳೆದುಹೋದ ಕೆತ್ತನೆಯ ತುಂಡನ್ನು ಮೂಲದಂತೆ ಮರುರೂಪಿಸಲು ಬೇಕಾದದ್ದು ಇದೇ ಬಗೆಯ ಕೈಕುಶಲ. ಅದು ಉಳಿದಿರುವಲ್ಲಿ ಮಾತ್ರ ಹಳೆಯ ಮೇಜಿನ ಜೀರ್ಣೋದ್ಧಾರ ಸಾಧ್ಯವಾಗುತ್ತದೆ.